ವಿಮಾನದ ಪೈಪು ಬೇಯಿಸಿ ನೋಡಿದ್ದು

ನಾನು ಹಾನಗಲ್ಲಿನಲ್ಲಿ ಪಂಪ್‌ಸೆಟ್ಟು, ಪೈಪು ಮಾರುವವನು. ಊರಿನವರಿಗೆ ನನ್ನ ಅಂಗಡಿ ಗೊತ್ತು, ನನ್ನ ಹುಚ್ಚು ಇನ್ನೂ ಚೆನ್ನಾಗಿ ಗೊತ್ತು. ಅಕ್ಕಿಆಲೂರಿನಲ್ಲಿ ಮುಚ್ಚಿಹೋದ ಅಕ್ಕಿ ಗಿರಣಿಯ ಗೋದಾಮೊಂದನ್ನು ಹಿಡಿದು, ಅದರಲ್ಲಿ ಒಂದು ಸಣ್ಣ ವಿಮಾನ ಕಟ್ಟುತ್ತಿದ್ದೇನೆ. ಅಲ್ಯೂಮಿನಿಯಂ ಕೊಳವೆಗಳ ಮೈ, ಬಟ್ಟೆ ಹೊದಿಸಿದ ರೆಕ್ಕೆ, ಎರಡು ಸೀಟು, ಮುಂದೆ ಒಂದು ಎಂಜಿನ್. ಹಾರಿಸುವುದನ್ನು ಬೇರೆ ಊರಿಗೆ ಹೋಗಿ ಕಲಿತು ಬಂದಿದ್ದೇನೆ. ಇಷ್ಟೆಲ್ಲ ಬಿಡಿಸಿ ಹೇಳಿದ ಮೇಲೂ ಜನ ಬಾಗಿಲಲ್ಲಿ ನಿಂತು, "ಇದು ಬೆಳಿಗೆ ಎಣ್ಣಿ ಹೊಡಿಯೂ ಮಷೀನೇನ್ರಿ?" ಎಂದು ಕೇಳುತ್ತಾರೆ. ನನಗೆ ಸಿಟ್ಟು ನೆತ್ತಿಗೇರುತ್ತದೆ.

ಈ ಕೆಲಸದಲ್ಲಿ ನನ್ನ ಜೊತೆಗಾರ ಸವಣೂರಿನ ಗೆಳೆಯ. ಡೀಸೆಲ್ ಪಂಪು ಬಿಚ್ಚಿ ಜೋಡಿಸುವುದರಲ್ಲಿ ಅವನ ಕೈ ಪಳಗಿದೆ, ಬಾಯಿ ಅದಕ್ಕಿಂತ ಹೆಚ್ಚು ಪಳಗಿದೆ. ರೆಕ್ಕೆ ಕೂರಿಸಿದ ದಿನ ವಿಮಾನದ ಸುತ್ತ ಒಂದು ಸುತ್ತು ಹಾಕಿ, "ದೋಸ್ತ, ಹಾರಲಿಲ್ಲಂದ್ರ ಚಿಂತಿಲ್ಲ. ಗೊಟಗೋಡಿ ಗಾರ್ಡನ್ನಿಗೆ ಒಯ್ದು ಆ ಸಿಮೆಂಟ್ ಗೊಂಬಿಗೋಳ ನಡುವ ನಿಲ್ಲಿಸಿಬಿಡೂಣು, ಮಂದಿ ಫೋಟೋ ತಕ್ಕೋತಾರ" ಅಂದ. ಅವತ್ತು ಅವನಿಗೆ ಚಹಾ ತರಿಸಲಿಲ್ಲ.

ಉಳಿದದ್ದು ಎಂಜಿನ್ನಿಗೆ ಪೈಪು ಜೋಡಿಸುವ ಕೆಲಸ. ಟ್ಯಾಂಕಿನಿಂದ ಪೆಟ್ರೋಲು ಬರಬೇಕು. ಎಣ್ಣೆ ಬೇರೊಂದು ಡಬ್ಬಿಯಲ್ಲಿರುತ್ತದೆ, ಅಲ್ಲಿಂದ ಎಂಜಿನ್ನಿಗೆ ಹೋಗಿ ಮತ್ತೆ ಡಬ್ಬಿಗೆ ಮರಳಬೇಕು. ಪೈಪು ಮಾರುವವನಿಗೆ ಪೈಪಿನ ಚಿಂತೆಯೇ? ಅಂಗಡಿಯಿಂದ ಔಷಧ ಹೊಡೆಯುವ ಸ್ಪ್ರೇಯರಿನ ಪೈಪು ತಂದು, ಪೆಟ್ರೋಲಿಗೆ ಇದೇ ಸಾಕು ಅಂದೆ. ಒಳಗೆ ಹರಿಯುವುದು ಹೊರಗಿನಿಂದ ಕಾಣುವಂಥ ಪೈಪು ಅದು. ಜೀವ ನನ್ನದು, ಪೈಪು ನನ್ನದು, ಯಾರಪ್ಪನ ಗಂಟೇನು ಹೋಗುತ್ತದೆ ಎಂಬುದು ನನ್ನ ಲೆಕ್ಕಾಚಾರ.

ನನ್ನ ಹೆಂಡತಿ ತಿಳವಳ್ಳಿಯವಳು. ಅಂಗಡಿಯಲ್ಲಿ ನನ್ನಷ್ಟೇ ಕೂರುತ್ತಾಳೆ, ನನಗಿಂತ ಹೆಚ್ಚು ಮಾರುತ್ತಾಳೆ. ಗೋದಾಮಿಗೆ ಬುತ್ತಿ ತಂದವಳು ಆ ಪೈಪನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು. ರೊಟ್ಟಿಯ ಗಂಟು ಬಿಚ್ಚುತ್ತ, "ಎರಡನೇ ಸೀಟ ನಂದು ನೋಡ್ರಿ" ಅಂದಳು.

"ನಿಂದು? ನೀ ಏನ್ ಕುಂದರ್ತೀ?"

"ಯಾಕ, ನಾ ಕುಂತ್ರ ಮುರೀತೇತೇನು? ನೆಲದ ಮ್ಯಾಲ ಓಡಸೂ ದಿನದಿಂದ ಹಿಡದು ನಾನೂ ಕುಂದರಾಕಿ."

ಊಟ ಮುಗಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಆ ಸ್ಪ್ರೇಯರ್ ಪೈಪನ್ನು ಕಿತ್ತು ತೆಗೆದದ್ದು. ನಾನೊಬ್ಬನೇ ಆಗಿದ್ದರೆ ಸರಿ, ಅವಳನ್ನು ಆ ಪೈಪಿನ ಭರವಸೆಯ ಮೇಲೆ ಕೂರಿಸಲು ನನಗೆ ಧೈರ್ಯವಾಗಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ತಿರುಗಾಟ. ಹಿರೇಕೆರೂರಿನಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಹೊಕ್ಕೆ. ಶಿಗ್ಗಾಂವಿಯ ಹೈವೇ ಮಗ್ಗುಲಲ್ಲಿ ಲಾರಿ ಸಾಮಾನಿನವರನ್ನು ಕೇಳಿದೆ. "ಯಾವ ಗಾಡಿಗ್ರಿ?" ಅಂದರು. ವಿಮಾನಕ್ಕೆ ಅಂದೆ. ಅಂಗಡಿಯವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಯಾವ ಮಾಡಲ್ರಿ?" ಅಂದ. ಮನೆಯಲ್ಲೇ ಮಾಡಿದ್ದು ಅಂದೆ. "ಹಂಗಾರ ಗ್ಯಾರಂಟಿ ಬರೂದಿಲ್ಲ ನೋಡ್ರಿ" ಎಂದು ಪೈಪು ಅಳೆಯತೊಡಗಿದ.

ತಂದ ತುಂಡುಗಳನ್ನೆಲ್ಲ ಮೇಜಿನ ಮೇಲೆ ಹರವಿಕೊಂಡು ಕೂತೆ. ಎಲ್ಲವೂ ಕಪ್ಪಗೆ, ಎಲ್ಲವೂ ಗಟ್ಟಿ, ಎಲ್ಲವೂ ನಾನೇ ಚಲೋ ಎನ್ನುತ್ತಿದ್ದವು. ಒಂದನ್ನು ಎತ್ತುವುದು, ಹಿಂಡುವುದು, ಇಡುವುದು. ಹೆಂಡತಿಗೆ ನೋಡಿ ನೋಡಿ ಸಾಕಾಯಿತು.

"ಅಲ್ರಿ, ಗಿರಣ್ಯಾಗ ಅಕ್ಕಿ ಚೀಲ ತಗೊಳ್ಳೂ ಮುಂದ ಒಂದ ಹಿಡಿ ಒಯ್ದು ಬೇಯ್ಸಿ ನೋಡ್ತೇವಿಲ್ಲೋ? ಅನ್ನ ಮುದ್ದಿ ಆದ್ರ ಚೀಲ ಬ್ಯಾಡಂತೇವಿ. ಪೈಪಿಗೂ ಹಂಗ ಮಾಡ್ರಿ."

ನಗಬೇಕೆಂದುಕೊಂಡೆ, ನಗಲಿಲ್ಲ. ಉಪ್ಪಿನಕಾಯಿಯ ಗಾಜಿನ ಭರಣಿಗಳು ಬಂದವು. ಒಂದೊಂದರಲ್ಲಿ ಪೆಟ್ರೋಲು ಸುರಿದು, ಸ್ಪ್ರೇಯರಿನ ತುಂಡನ್ನೂ ಸೇರಿಸಿ ಒಂದೊಂದು ಪೈಪು ಮುಳುಗಿಸಿ, ಮುಚ್ಚಳ ಬಿಗಿದು ನೆರಳಿಗಿಟ್ಟೆವು. ಗೆಳೆಯ ಬಂದು ನೋಡಿ, "ವೈನಿ, ಒಗ್ಗರಣಿ ಒಂದ ಬಾಕಿ ಉಳೀತು" ಅಂದ. ಪೆಟ್ರೋಲಿಗೆ ಒಗ್ಗರಣೆ ಕೊಟ್ಟರೆ ಮೊದಲು ಹಾರುವುದು ಗೋದಾಮು ಎಂದು ನಾನು ಗದರಿದೆ.

ಕೆಲವು ವಾರಗಳ ಮೇಲೆ ಮುಚ್ಚಳ ತೆಗೆದೆವು. ಸ್ಪ್ರೇಯರಿನ ಪೈಪು ಹಳದಿ ತಿರುಗಿ, ಬಗ್ಗಿಸಿದರೆ ಕೋಡುಬಳೆಯ ಹಾಗೆ ಪಟ್ಟನೆ ಮುರಿಯಿತು. ಹಿರೇಕೆರೂರಿನದು ಉಬ್ಬಿ, ಒಳದಾರಿ ಸಣ್ಣದಾಗಿತ್ತು. ಈಗಿನ ಪೆಟ್ರೋಲಿನಲ್ಲಿ ಸ್ಪಿರಿಟ್ಟನ್ನೂ ಬೆರೆಸುತ್ತಾರಲ್ಲ, ಅದು ಎಲ್ಲ ರಬ್ಬರಿಗೂ ಆಗಿಬರುವುದಿಲ್ಲ. ಶಿಗ್ಗಾಂವಿಯ ಒಂದು ತುಂಡು ಮಾತ್ರ ಹೋದ ಹಾಗೇ ಹೊರಗೆ ಬಂತು. ಗ್ಯಾರಂಟಿ ಇಲ್ಲದ್ದೇ ಗೆದ್ದಿತು.

ಎಣ್ಣೆಯ ಪೈಪಿನ ಸರದಿ ಬಂದಾಗ ನಾನು ಹೆಂಡತಿಯ ಮಾತು ಕೇಳಲಿಲ್ಲ. ನನ್ನ ಅಂಗಡಿಯಲ್ಲೇ ಎಣ್ಣೆಗೆಂದು ಮಾಡಿದ ದಪ್ಪ ಪೈಪಿತ್ತು. "ಇದು ಎಷ್ಟ ಪ್ರೆಶರ್ ತಡೀತೇತಿ ಗೊತ್ತೇನ ನಿನಗ? ಇದನ್ನೇನ್ ಬೇಯ್ಸೂದು?" ಎಂದು ಜೋಡಿಸಿಯೇ ಬಿಟ್ಟೆ. ವಿಮಾನದ ಬಾಲವನ್ನು ಬೇವಿನ ಮರಕ್ಕೆ ಕಟ್ಟಿ ಎಂಜಿನ್ ಶುರು ಮಾಡಿದೆವು. ಏನು ಚಂದದ ಸದ್ದು ಅಂತೀರಿ. ನನ್ನ ಎದೆ ಉಬ್ಬಿತು. ಎಣ್ಣೆ ಕಾದಂತೆ ಅದರ ಒತ್ತಡ ತೋರಿಸುವ ಮುಳ್ಳು ನಡುಗಿತು, ಆಮೇಲೆ ಇಳಿಯತೊಡಗಿತು. ಗೆಳೆಯ ಕೈಚಾಚಿ ಎಂಜಿನ್ ಬಂದ್ ಮಾಡಿದ.

ನೋಡಿದರೆ ಡಬ್ಬಿಯಿಂದ ಎಂಜಿನ್ನಿಗೆ ಹೋಗುವ ಪೈಪಿನ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಎಂಜಿನ್ನು ಅಲ್ಲಿ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ನನ್ನ ಪೈಪು ಒಳಗಿನಿಂದ ದಬ್ಬಿದರೆ ತಡೆಯುವಂಥದು, ಎಳೆದರೆ ಅಲ್ಲ. ಕಾಯ್ದು ಮೆತ್ತಗಾಗಿ ಅಪ್ಪಚ್ಚಿಯಾಗಿತ್ತು. ನಮ್ಮ ಕಡೆ ಹಳ್ಳದ ದಂಡೆಯಲ್ಲಿ ಪಂಪು ಇಡುವ ಯಾರನ್ನಾದರೂ ಕೇಳಿ: ನೀರು ಎಳೆಯುವ ಕಡೆ ಸುರುಳಿ ಇರುವ ಗಟ್ಟಿ ಪೈಪು, ದಬ್ಬುವ ಕಡೆ ಮಡಚಿಡುವ ಪೈಪು. ಹೊಸ ಗಿರಾಕಿಗಳಿಗೆ ಇದನ್ನು ಕೂರಿಸಿ ಪಾಠ ಮಾಡುವವನು ನಾನೇ. ವಿಮಾನ ಅಂದಕೂಡಲೇ ಅಂಗಡಿಯ ಬುದ್ಧಿಯನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದೆ.

ಹೆಂಡತಿ ಬೈಯಲಿಲ್ಲ. ಹಳ್ಳಿಯಿಂದ ಬಂದ ಗಿರಾಕಿಯಂತೆ ಸೆರಗು ಹೊದ್ದು ಮುಂದೆ ನಿಂತು, "ಯಣ್ಣಾ, ಎಳಿಯೂ ಪೈಪ ಐತೇನ್ರಿ ನಿಮ್ಮಲ್ಲಿ?" ಅಂದಳು. ಗೆಳೆಯ ನಕ್ಕು ನಕ್ಕು ನೆಲಕ್ಕೆ ಕೂತ. ನಾನು ಸಿಟ್ಟಿನಿಂದ ನಟ್ಟು ಬಿಗಿಯುವ ಪಾನಾ ಎಸೆದೆ, ಅದು ನನ್ನ ಕಾಲಿನ ಮೇಲೇ ಬಿತ್ತು.

ಆಮೇಲೆ ಒಳಗೆ ತಂತಿಯ ಸುರುಳಿ ಇರುವ ಪೈಪು ತರಿಸಿದೆ. ಅಂಗಳದಲ್ಲಿ ಒಲೆ ಹೂಡಿ, ಹಳೆಯ ಬಾಣಲೆಯಲ್ಲಿ ಎಂಜಿನ್ ಎಣ್ಣೆ ಕಾಯಿಸಿ ಅದನ್ನು ಬೇಯಿಸಿದೆವು. ಅವಳೇ ಇಕ್ಕಳದಿಂದ ಎತ್ತಿ ಹಿಚುಕಿದಳು, ಪೈಪು ಅಪ್ಪಚ್ಚಿಯಾಗಲಿಲ್ಲ. ಬೆಂಕಿ ತಡೆಯುವ ಹೊದಿಕೆ ತೊಡಿಸಿ, ಹೊಗೆ ಕೊಳವೆಗೆ ತಾಗದಂತೆ ದೂರದಿಂದ ಸಾಗಿಸಿ, ಎಲ್ಲಿಯೂ ತಿಕ್ಕಾಡದಂತೆ ಕಟ್ಟಿದೆ. ಇಷ್ಟು ನಾಜೂಕಾಗಿ ನಾನು ಯಾವ ಕೆಲಸವನ್ನೂ ಮಾಡಿದವನಲ್ಲ.

ಹಾರಲು ಪರವಾನಗಿ ಇನ್ನೂ ಬರಬೇಕಿತ್ತು. ನೆಲದ ಮೇಲೆ ಓಡಿಸಿ ನೋಡೋಣವೆಂದು ಗೋವಿನಜೋಳ ಕಿತ್ತು ಸಮ ಮಾಡಿದ ಹೊಲಕ್ಕೆ ವಿಮಾನ ಒಯ್ದೆವು. ನಾನು ಎರಡನೇ ಸೀಟಿನ ಬೆಲ್ಟು ಬಿಚ್ಚಿ, ಧೂಳು ಒರೆಸಿ, "ಬಾ, ಕುಂದರು" ಅಂದೆ.

"ನಾ ಒಲ್ಲೆರಿ" ಅಂದಳು. "ಪಂಚಮಿ ಜೋಕಾಲಿ ನೋಡಿದ್ರ ನನಗ ತಲಿ ತಿರಗತೇತಿ. ಇದರಾಗೆಲ್ಲಿ ಕುಂದರ್ಲಿ?"

"ಮತ್ತ ಸೀಟ ನಂದಂತ ಕುಣದ್ಯಲ್ಲ?"

"ನೀವೊಬ್ರ ಹಾರಾವ್ರಿದ್ರ ಆ ಸ್ಪ್ರೇಯರ್ ಪೈಪಿಗೆ ತಂತಿ ಸುತ್ತಿ ಹಾರತಿದ್ರಿ. ನಾನೂ ಬರ್ತೇನಂದ್ರ ನೋಡಿ ಹಾಕ್ತೀರಂತ ಗೊತ್ತಿತ್ತು. ನಿಮ್ಮ ಜೀವದ ಕಿಮ್ಮತ್ತು ನಿಮಗಿಲ್ಲಾ, ನನಗೈತಿ."

ನನಗೆ ಮೈಯೆಲ್ಲ ಉರಿಯಿತು. ತಿಂಗಳುಗಟ್ಟಲೆ ನನ್ನನ್ನು ಕುಣಿಸಿದ್ದಳಲ್ಲ. ಬೈಯಲು ಬಾಯಿ ತೆರೆದವನು ಖಾಲಿ ಸೀಟಿನ ಬೆಲ್ಟನ್ನು ಮತ್ತೆ ಬಿಗಿದೆ. ಒಬ್ಬನೇ ಹತ್ತಿ ಕೂತು, ಹೊಲದ ಆ ತುದಿಯವರೆಗೆ ಓಡಿಸಿ, ತಿರುಗಿಸಿ ತಂದು ನಿಲ್ಲಿಸಿದೆ.

ಅವಳು ನನ್ನ ಕಡೆ ನೋಡಲಿಲ್ಲ. ನೇರ ಎಂಜಿನ್ನಿನ ಹತ್ತಿರ ಹೋಗಿ, ಕೈಗೆ ಅರಿವೆ ಸುತ್ತಿಕೊಂಡು, ಒಂದೊಂದೇ ಪೈಪಿನ ಕೆಳಗೆ ಒರೆಸಿ, ಅರಿವೆಯನ್ನು ಬಿಸಿಲಿಗೆ ಹಿಡಿದು ನೋಡಿದಳು.

"ಒಣಾ ಐತಿ" ಅಂದಳು. "ಪರವಾನಗಿ ಬಂದಮ್ಯಾಲ ಹೋಗಿ ಬರ್ರಿ."