ಸವೆದ ನಾಣ್ಯಗಳ ಮುಖ ಓದುವ ಮುಳ್ಳಕ್ಕ

ಬೆಳಗಿನ ಆರು ಗಂಟೆ ಹತ್ತು ನಿಮಿಷ. ವಸ್ತುಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ ಇನ್ನೂ ದೀಪ ಹಾಕಿಲ್ಲ, ಸದ್ಯಕ್ಕೆ ಹಾಕುವುದೂ ಇಲ್ಲ. ಪೂರ್ವದ ಕಿಟಕಿಗೆ ಒತ್ತಿಕೊಂಡು ಒಂದು ಉದ್ದನೆಯ ಮೇಜು, ಅದರ ಮೇಲೆ ಕಪ್ಪು ಬಟ್ಟೆ, ಬಟ್ಟೆಯ ನಡುವೆ ಹೆಬ್ಬೆರಳಿನ ಉಗುರಿನಷ್ಟಿರುವ ಒಂದು ಕಂದು ಬಿಲ್ಲೆ. ಐವತ್ತೆರಡು ವರ್ಷದ ಹೆಂಗಸೊಬ್ಬರು ಅದರ ಮೇಲೆ ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಕಣ್ಣಿಟ್ಟು ಕೂತಿದ್ದಾರೆ. ಬಿಸಿಲಿನ ಮೊದಲ ಗೆರೆ ಮೇಜಿನ ಅಂಚನ್ನು ದಾಟಿ ಬಟ್ಟೆಯ ಮೇಲೆ ಬರುವುದನ್ನು ಅವರು ಕಾಯುತ್ತಿದ್ದಾರೆ.

"ಪೇಪರ್ನೋರೇ, ಸ್ವಲ್ಪ ಆ ಕಡೆ ನಿಂತ್ಕೊಳ್ಳಿ. ನಿಮ್ಮ ನೆರಳು ಬೀಳ್ತಾ ಇದೆ."

ನಾನು ಗೋಡೆಗೆ ಅಂಟಿಕೊಳ್ಳುತ್ತೇನೆ. ಬಿಸಿಲು ಬಿಲ್ಲೆಯನ್ನು ಮುಟ್ಟುತ್ತದೆ. ನನಗೆ ಕಾಣುವುದು ತುಕ್ಕು ಹಿಡಿದ ಷರಟಿನ ಗುಂಡಿ, ಅಷ್ಟೆ. ಅವರು ಬಿಲ್ಲೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ, ಮತ್ತೆ ಒಂದಿಷ್ಟು. "ರೆಕ್ಕೆ," ಎನ್ನುತ್ತಾರೆ. "ಎಡಗಡೆ ನಡ್ಕೊಂಡು ಹೋಗ್ತಿದಾಳೆ. ಕೈಯಲ್ಲಿ ಹೂವಿನ ಬಳೆ ಥರ ಒಂದು ಮಾಲೆ. ವಿಜಯದೇವತೆ." ನಾನು ಬಗ್ಗಿ ನೋಡುತ್ತೇನೆ. ಏನೂ ಇಲ್ಲ. "ರೆಪ್ಪೆ ಬಡೀದೆ ನೋಡಿ. ಅವಳಾಗೇ ಬರ್ತಾಳೆ." ಹೇಳಿದ ಹಾಗೆ ಕಣ್ಣು ಅಗಲಿಸಿಕೊಂಡು ನೋಡುತ್ತಲೇ ಇದ್ದಾಗ, ಸಾವಿರದ ಏಳುನೂರು ವರ್ಷಗಳ ಹಿಂದೆ ಯಾವನೋ ರೋಮನ್ ಕಮ್ಮಾರ ಸುತ್ತಿಗೆಯ ಒಂದೇ ಏಟಿಗೆ ಒತ್ತಿದ ಪುಟ್ಟ ಹೆಂಗಸೊಬ್ಬಳು ಆ ಕಂದು ಲೋಹದೊಳಗಿಂದ ಹೆಜ್ಜೆ ಎತ್ತಿ ಹೊರಗೆ ಬರುತ್ತಾಳೆ. ನನ್ನ ಮೈ ಜುಮ್ಮೆನ್ನುತ್ತದೆ. ಇದನ್ನು ಬರೆಯಲು ನನಗೆ ಸಂಕೋಚವೇನೂ ಇಲ್ಲ.

ಇಲ್ಲಿನವರು ಅವರನ್ನು ಕರೆಯುವುದು ಮುಳ್ಳಕ್ಕ ಎಂದು. ನಾಣ್ಯಗಳ ಮೇಲೆ ಗಟ್ಟಿಯಾಗಿ ಕೂತ ಮಣ್ಣಿನ ಹೆಕ್ಕಳೆಯನ್ನು ಅವರು ಗಿಡದ ಮುಳ್ಳಿನಿಂದ ಬಿಡಿಸುತ್ತಾರೆ. ಉಕ್ಕಿನ ಸೂಜಿ ಲೋಹವನ್ನು ಗೀರುತ್ತದೆ, ಮುಳ್ಳು ಗೀರುವ ಮೊದಲು ತಾನೇ ಮುರಿಯುತ್ತದೆ. "ನಮ್ಮತ್ತೆಗೆ ಈ ಹೆಸರು ಗೊತ್ತಾಗಿದ್ರೆ, ಸರಿಯಾಗೇ ಇಟ್ಟಿದಾರೆ ಅಂತಿದ್ರು," ಎಂದು ಅವರೇ ನಗುತ್ತಾರೆ.

ಅವರ ಕೆಲಸ ಕೇಳಲು ಸುಲಭ. ಮಣ್ಣಿನಲ್ಲಿ ಸಿಕ್ಕಿದ ರೋಮನ್ ನಾಣ್ಯದ ಒಂದು ಮುಖದಲ್ಲಿ ಯಾರ ತಲೆ ಇದೆ, ಇನ್ನೊಂದು ಮುಖದಲ್ಲಿ ಯಾವ ಚಿತ್ರವಿದೆ ಎಂದು ಗುರುತಿಸಿ ಚೀಟಿ ಬರೆಯುವುದು. ಕಷ್ಟವೇನೆಂದರೆ ಆ ನಾಣ್ಯಗಳು ನೂರಾರು ಕೈ ದಾಟಿ ಸವೆದಿರುತ್ತವೆ, ಆಮೇಲೆ ಮಣ್ಣು ತಿಂದಿರುತ್ತದೆ. ಸುತ್ತಲಿನ ಅಕ್ಷರಗಳಲ್ಲಿ ಎರಡೋ ಮೂರೋ ಉಳಿದಿದ್ದರೆ ಅದೇ ಪುಣ್ಯ. ತಲೆಯ ಸುತ್ತ ಕಿರಣಗಳ ಕಿರೀಟವೋ ಎಲೆಗಳ ಮಾಲೆಯೋ, ತಲೆಗೆ ಮುಸುಕು ಇದೆಯೋ ಇಲ್ಲವೋ, ನಿಂತವಳ ಕೈಯಲ್ಲಿರುವುದು ತಕ್ಕಡಿಯೋ ತೆನೆಯೋ ಹಾವೋ, ಎಲ್ಲವನ್ನೂ ಇಂಥ ಉಳಿಕೆಗಳಿಂದಲೇ ಹೇಳಬೇಕು. ದಿನಕ್ಕೆ ಮೂವತ್ತು ನಾಣ್ಯ ಅವರ ಲೆಕ್ಕ. ಸೂರ್ಯ ಓರೆಯಾಗಿರುವ ಮೊದಲ ಐವತ್ತು ನಿಮಿಷದಲ್ಲಿ ತೀರಾ ಮೊಂಡು ನಾಣ್ಯಗಳು, ಉಳಿದವು ಆಮೇಲೆ ದೀಪದ ಕೆಳಗೆ. "ಬೆಳಕು ನೆತ್ತಿ ಮೇಲೆ ಬಂತು ಅಂದ್ರೆ ಇವರೆಲ್ಲ ಒಳಗೆ ಹೋಗ್ಬಿಡ್ತಾರೆ," ಎನ್ನುತ್ತಾರೆ, ಪಕ್ಕದ ಮನೆಯವರ ವಿಷಯ ಹೇಳುವ ಹಾಗೆ.

ಮತ್ತೊಂದು ನಾಣ್ಯದ ತಲೆ ನೋಡಿ, ಎರಡನೆಯ ಮುಖಕ್ಕಾಗಿ ನಾನು ಅದನ್ನು ಪುಸ್ತಕದ ಪುಟದಂತೆ ತಿರುಗಿಸುತ್ತೇನೆ. ದೇವಿ ಶೀರ್ಷಾಸನ ಹಾಕಿದ್ದಾಳೆ. ಮುಳ್ಳಕ್ಕ ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಮೇಲಿನ ಅಂಚನ್ನು ಹಿಡಿದು ಕೆಳಕ್ಕೆ ಮಗುಚುತ್ತಾರೆ. ದೇವಿ ನೆಟ್ಟಗೆ ನಿಲ್ಲುತ್ತಾಳೆ. "ರೋಮನ್ನರಲ್ಲಿ ಸಾಮಾನ್ಯ ಹಿಂಗೇ ಅಚ್ಚು ಹಾಕೋ ರೂಢಿ. ಯಾರಾದ್ರೂ ದೊಡ್ಡ ದೊಡ್ಡ ಮಾತಾಡ್ತಾ ಒಳಗೆ ಬಂದ್ರೆ ನಾನೇನೂ ಕೇಳಲ್ಲ. ಒಂದು ನಾಣ್ಯ ಕೈಗೆ ಕೊಟ್ಟು ಹೆಂಗೆ ತಿರುಗಿಸ್ತಾರೆ ಅಂತ ನೋಡ್ತೀನಿ." ನಾನು ಆ ಪರೀಕ್ಷೆಯಲ್ಲಿ ಚೆನ್ನಾಗಿಯೇ ನಪಾಸಾಗಿದ್ದೇನೆ.

ಇಪ್ಪತ್ತಮೂರು ವರ್ಷಗಳ ಹಿಂದೆ ಅವರು ಈ ಕಟ್ಟಡಕ್ಕೆ ಬಂದದ್ದು ನೆಲ ಒರೆಸಲು. ಓದಿದ್ದು ಏಳನೆಯ ತರಗತಿ. ನಾಲ್ಕು ವರ್ಷ ಬಕೆಟ್ಟು ಹಿಡಿದು ಓಡಾಡಿದ ಮೇಲೆ, ಒಂದು ದಿನ ಆಗಿನ ಹಿರಿಯ ನಾಣ್ಯತಜ್ಞರು ಇದೇ ಮೇಜಿನ ಮುಂದೆ ತಲೆ ಕೆರೆದುಕೊಳ್ಳುತ್ತಾ ಕೂತಿದ್ದರಂತೆ. ದೊಡ್ಡದು ಮಾಡಿ ತೆಗೆದ ನಾಣ್ಯದ ಫೋಟೋ ಅವರ ಎದುರಿಗೆ. 'ಕೋಲು ಹಿಡಿದ ಗಂಡಸು?' ಎಂದು ಬರೆದು ಪ್ರಶ್ನಾರ್ಥಕ ಹಾಕಿದ್ದರು. ಅವರ ಕುರ್ಚಿಯ ಕೆಳಗೆ ಒರೆಸಲು ಬಗ್ಗಿದ ಈಕೆ ಫೋಟೋ ನೋಡಿ, ತಡೆಯಲಾರದೆ ಬಾಯಿ ಬಿಟ್ಟರು.

"ನಾನಂದೆ, ಅದು ಕೋಲಲ್ಲ ಸಾರ್, ಹೆಂಗಸು ಬಟ್ಟೆ ಎತ್ತಿ ಹಿಡ್ಕೊಂಡಿದಾಳೆ. ಒದ್ದೆ ನೆಲದ ಮೇಲೆ ನಡೆಯೋವಾಗ ನಾವೂ ಹಿಂಗೇ ತಾನೇ ನೆರಿಗೆ ಎತ್ಕೊಳ್ಳೋದು? ಅಂದ್ಬಿಟ್ಟು ಬಕೆಟ್ ತಗೊಂಡು ಹೊರಟೆ. ಬೈತಾರೆ ಅಂದ್ಕೊಂಡೆ. ಅವರು ಭೂತಗನ್ನಡಿ ಹಿಡ್ಕೊಂಡು ನನ್ನ ಹಿಂದೆ ಓಡಿ ಬಂದ್ರು."

ಅದು ಭರವಸೆಯ ದೇವಿ. ಒಂದು ಕೈಯಲ್ಲಿ ಹೂ, ಇನ್ನೊಂದರಲ್ಲಿ ಎತ್ತಿ ಹಿಡಿದ ಸೆರಗಂಚು, ಅವಳ ಗುರುತೇ ಅದು. ಪುಸ್ತಕಗಳಲ್ಲಿ ಅವಳನ್ನು ನೂರು ಸಲ ನೋಡಿದ್ದ ತಜ್ಞರಿಗೆ ಸವೆದವಳು ಸಿಗಲಿಲ್ಲ, ನೆಲ ಒರೆಸುವವರಿಗೆ ಸಿಕ್ಕಳು. ಮರುದಿನದಿಂದ ಆ ಹಿರಿಯರು ಈಕೆಗೆ ಅರ್ಧ ದಿನ ಬಕೆಟ್ಟು, ಅರ್ಧ ದಿನ ನಾಣ್ಯ ಎಂದು ಮಾಡಿದರು. ಮುಂದಿನ ವರ್ಷ ಬಕೆಟ್ಟು ಬೇರೆಯವರ ಕೈಗೆ ಹೋಯಿತು.

ಕಲಿತದ್ದು ಹದಿನಾರು ನೋಟುಪುಸ್ತಕಗಳಲ್ಲಿದೆ. ಮೊದಲನೆಯದನ್ನು ತೆರೆದರೆ 'ಸೌಟು ಹಿಡಿದ ಅಮ್ಮ' ಎಂಬ ಸಾಲು ಹನ್ನೊಂದು ಕಡೆ ಸಿಗುತ್ತದೆ. ಹಿರಿಯರು ಅದನ್ನು ಹೊಡೆದು ಹಾಕಲಿಲ್ಲ. ಒಂದು ಭಾನುವಾರ ಈಕೆಯನ್ನೂ ಈಕೆಯ ಗಂಡನನ್ನೂ ನದಿದಂಡೆಗೆ ಕರೆದುಕೊಂಡು ಹೋಗಿ, ದಡಕ್ಕೆ ಎಳೆದಿಟ್ಟ ಹಳೆಯ ದೋಣಿಯ ಹಿಂದೆ ನಿಲ್ಲಿಸಿ, ಚುಕ್ಕಾಣಿಯನ್ನು ಮುಟ್ಟಿಸಿದರು. ಅದೃಷ್ಟದ ದೇವಿ ಹಿಡಿಯುವುದು ಚುಕ್ಕಾಣಿಯನ್ನು, ನಮ್ಮ ಬಾಳಿನ ದೋಣಿ ಯಾವ ಕಡೆ ತಿರುಗಬೇಕೆಂದು ತೀರ್ಮಾನಿಸುವವಳು ಅವಳು. "ಆದ್ರೂ ಸೌಟು ಅನ್ನೋದೂ ತಪ್ಪಲ್ಲ ಬಿಡಿ. ಅದೃಷ್ಟ ಇದ್ದೋರಿಗೇ ತಾನೇ ಬಡಿಸೋದು," ಎಂದು ಮುಳ್ಳಕ್ಕ ಇವತ್ತಿಗೂ ವಾದಿಸುತ್ತಾರೆ. ಹಿರಿಯರು ತೀರಿಕೊಂಡು ಆರು ವರ್ಷವಾಯಿತು. ಅವರ ಭೂತಗನ್ನಡಿ ಈಗ ಈಕೆಯ ಕೊರಳಲ್ಲಿ ನೇತಾಡುತ್ತಿದೆ.

ಗಂಡ ಬಸ್ ಚಾಲಕ. ಬೆಳಗಿನ ಮೊದಲ ಟ್ರಿಪ್ಪು ಅವರದೇ, ಅದರ ಮೊದಲ ಪ್ರಯಾಣಿಕರು ಇವರೇ. "ಮನೇಲಿ ತನ್ನ ಕನ್ನಡಕ ಎಲ್ಲಿಟ್ಟೆ ಅಂತ ಅರ್ಧ ಗಂಟೆ ಹುಡುಕ್ತಾಳೆ. ಮೂಗಿನ ಮೇಲೇ ಇರತ್ತೆ," ಎಂದು ನಿಲ್ದಾಣದಲ್ಲಿ ಅವರು ನನಗೆ ದೂರು ಕೊಡುತ್ತಾರೆ. ಮರುಗಳಿಗೆಗೆ ದನಿ ಇಳಿಸಿ, "ಗುರುವಾರ ಏನಾಗತ್ತೋ ನೋಡ್ಬೇಕು," ಎನ್ನುತ್ತಾರೆ.

ಗುರುವಾರದ ಕಥೆ ಇದು. ಹತ್ತೊಂಬತ್ತು ವರ್ಷ ನಾಣ್ಯ ಗುರುತಿಸಿದರೂ ಕಾಗದದ ಮೇಲೆ ಮುಳ್ಳಕ್ಕ ಇವತ್ತಿಗೂ ಹಂಗಾಮಿ ಸ್ವಚ್ಛತಾ ಸಿಬ್ಬಂದಿ. ಈಗಿನ ಮುಖ್ಯಸ್ಥೆ ಓಡಾಡಿ, ಬರೆದು, ಜಗಳವಾಡಿ, 'ನಾಣ್ಯ ಪರಿಶೀಲಕಿ' ಎಂಬ ಕಾಯಂ ಹುದ್ದೆಯ ಕಡತವನ್ನು ಆಡಳಿತ ಸಮಿತಿಯ ಮುಂದೆ ತಂದು ನಿಲ್ಲಿಸಿದ್ದಾರೆ. ಸಭೆ ಗುರುವಾರ. ನಾನು ಇಲ್ಲಿಗೆ ಬಂದದ್ದು ಸೋಮವಾರ. ಕಡತದ ಬೆನ್ನೆಲುಬು ಒಂದು ಮಡಕೆ.

ಏಳು ವರ್ಷಗಳ ಹಿಂದೆ ಪಾಯ ಅಗೆಯುವಾಗ ಸಿಕ್ಕಿದ ಆ ಮಡಕೆಯಲ್ಲಿ ಎರಡು ಸಾವಿರದ ಎಂಟುನೂರ ಅರವತ್ತೊಂದು ನಾಣ್ಯಗಳಿದ್ದವು. ಅಷ್ಟನ್ನೂ ಗುರುತಿಸಿದವರು ಈಕೆ. ಕಾಲದ ಲೆಕ್ಕದಲ್ಲಿ ಕೊನೆಕೊನೆಯವುಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ಎದುರುಬದುರು ನಿಂತ ಇಬ್ಬರು ಸೈನಿಕರು, ಅವರ ನಡುವೆ ಸೇನೆಯ ಧ್ವಜದ ಎರಡು ಕಂಬ. ಐದಾರು ವರ್ಷ ಕಳೆದ ಮೇಲೆ ಟಂಕಸಾಲೆಯವರು ನಾಣ್ಯವನ್ನು ಕಿರಿದು ಮಾಡಿದರು, ನಡುವೆ ಒಂದೇ ಕಂಬಕ್ಕೆ ಜಾಗ ಉಳಿಯಿತು. ಹೀಗಾಗಿ ಕಂಬ ಎಣಿಸಿದರೆ ಕಾಲ ತಿಳಿಯುತ್ತದೆ. ಮಡಕೆಯ ಅಷ್ಟೂ ನಾಣ್ಯಗಳಲ್ಲಿ ಒಂದೇ ಒಂದು, 2144ನೆಯದು, ಒಂಟಿ ಕಂಬದ್ದು. ಅದರ ಬಲದಿಂದ ಮಡಕೆ ಹೂತ ಕಾಲ ಮುಂದಕ್ಕೆ ಬಂತು, ಮಡಕೆ ಸಿಕ್ಕಿದ ಜಾಗದಲ್ಲಿ ಹಿಂದೆ ಇದ್ದ ಊರು ಸುಟ್ಟುಹೋದ ವರ್ಷಕ್ಕೆ ಸರಿಯಾಗಿ ಕೂತಿತು. ಬೆಂಕಿಗೆ ಹೆದರಿ ಓಡುವಾಗ ಯಾರೋ ಹೂತಿಟ್ಟ ಗಂಟು! ಪ್ರದರ್ಶನಕ್ಕಿಟ್ಟ ಮಡಕೆಯ ಪಕ್ಕದ ಗೋಡೆಯಲ್ಲಿ ಉರಿಯುವ ಮನೆಗಳ ದೊಡ್ಡ ಚಿತ್ರವಿದೆ. ಬಂದವರೆಲ್ಲ ಅದರ ಮುಂದೆ ನಿಲ್ಲುತ್ತಾರೆ. ಈ ಕಥೆಯ ಪುಸ್ತಕ ಅಚ್ಚಿನ ಮನೆಯಲ್ಲಿದೆ.

ಮಂಗಳವಾರ ಬೆಳಿಗ್ಗೆ ನಾನು ಹೋದಾಗ 2144 ಮೇಜಿನ ಮೇಲಿದೆ. ಅಂಚಿನಲ್ಲಿ ತಿಳಿಹಸಿರು ಪುಡಿ ಕಾಣಿಸಿಕೊಂಡಿದೆ, ಕಂಚಿಗೆ ಹಿಡಿಯುವ ರೋಗ ಅದು, ಬಿಟ್ಟರೆ ನಾಣ್ಯವನ್ನೇ ತಿಂದು ಹಾಕುತ್ತದೆ. ಮುಳ್ಳಕ್ಕ ಪುಡಿ ಬಿಡಿಸುತ್ತಾ ನನಗೆ ದೋಣಿಯ ಕಥೆಯ ಬಾಕಿ ಹೇಳುತ್ತಿದ್ದಾರೆ. ಮುಳ್ಳಿನ ತುದಿಗೆ ನಡುವಿನ ಕಂಬದಿಂದ ಸಾಸಿವೆಯಷ್ಟು ಹೆಕ್ಕಳೆ ಕಿತ್ತು ಬರುತ್ತದೆ.

ಅವರು ನಾಣ್ಯವನ್ನು ಬಿಸಿಲಿಗೆ ಓರೆ ಹಿಡಿಯುತ್ತಾರೆ. ತಿರುಗಿಸುತ್ತಾರೆ. ಕನ್ನಡಕ ತೆಗೆದು ಒರೆಸಿ ಹಾಕಿಕೊಳ್ಳುತ್ತಾರೆ. ಆಮೇಲೆ ಅದನ್ನು ನನ್ನ ಮುಂದಿಟ್ಟು, "ಎಷ್ಟು ಕಾಣತ್ತೆ, ಹೇಳಿ," ಎನ್ನುತ್ತಾರೆ. ದಪ್ಪ ಕಂಬದ ಮಧ್ಯೆ ಕೂದಲಿನಂಥ ಸೀಳು. ಸೀಳಿನ ಈಚೆಗೊಂದು ಕಂಬ, ಆಚೆಗೊಂದು ಕಂಬ. ಎರಡು ದಿನದಲ್ಲಿ ನನ್ನ ಕಣ್ಣೂ ಅಷ್ಟರಮಟ್ಟಿಗೆ ಪಳಗಿದೆ. ಎರಡು ಬೆರಳು ಎತ್ತಿ ತೋರಿಸುತ್ತೇನೆ.

"ಅಂಚು ಮುರಿದಿತ್ತು. ಅದಕ್ಕೇ ಚಿಕ್ಕದು ಅನ್ನಿಸ್ತು. ಚಿಕ್ಕದು ಅಂದ್ಮೇಲೆ ಒಂದೇ ಕಂಬ ಇರ್ಬೇಕು ಅಂತ ಮನಸ್ಸು ಮೊದಲೇ ಹೇಳ್ಬಿಡ್ತು, ಕಣ್ಣು ಹೂಂ ಅಂತು." ಅವರು ಹಣೆ ಉಜ್ಜಿಕೊಳ್ಳುತ್ತಾರೆ. "ಹೊಸ ನಾಣ್ಯ ಬಂದ್ಮೇಲೆ ಹೂತಿದ್ರೆ ಇಷ್ಟು ಸಾವಿರದಲ್ಲಿ ಅಂಥವು ಹತ್ತಾರು ಸೇರ್ಬೇಕಿತ್ತು. ಒಂದೇ ಯಾಕೆ ಅಂತ ನನಗೆ ಆವಾಗ್ಲೇ ಕೊರೀಬೇಕಿತ್ತು. ಬೆಂಕಿಗೂ ಈ ಮಡಕೆಗೂ ಸಂಬಂಧ ಇಲ್ಲ. ಅದಕ್ಕೆ ಮುಂಚೇನೇ ಹೂತಿದಾರೆ."

ಇಲ್ಲಿ ನನ್ನ ಸಣ್ಣತನವನ್ನು ಒಪ್ಪಿಕೊಳ್ಳಬೇಕು. ನಾನು ಅವರಿಗೆ ಹೇಳಿದ್ದು ಇಷ್ಟು: ಇವತ್ತು ಮಂಗಳವಾರ, ಶುಕ್ರವಾರ ಹೇಳಿದರೆ ಭೂಮಿ ಮುಳುಗುವುದಿಲ್ಲ. ಸಾವಿರದ ಏಳುನೂರು ವರ್ಷ ಕಾದ ನಾಣ್ಯ ಮೂರು ದಿನ ಕಾಯಲಾರದೆ?

ಅವರು ನನ್ನನ್ನು ನೋಡಿದ ನೋಟದಲ್ಲಿ ಕೋಪವಿರಲಿಲ್ಲ. ಪುಟದಂತೆ ನಾಣ್ಯ ತಿರುಗಿಸುವವರನ್ನು ನೋಡುವ ನೋಟ ಅದು. ನಾಣ್ಯವನ್ನು ತಟ್ಟೆಯಲ್ಲಿಟ್ಟು, ಎರಡೂ ಕೈಯಲ್ಲಿ ಹಿಡಿದು, ಮಹಡಿ ಹತ್ತಿ ಹೊರಟರು. ನಾನು ಹಿಂದೆ ಹೋದೆ.

ಮುಖ್ಯಸ್ಥೆ ಸೂಕ್ಷ್ಮದರ್ಶಕದಿಂದ ತಲೆ ಎತ್ತಲು ಬಹಳ ಹೊತ್ತು ಹಿಡಿಯಿತು. ಅವರ ಮೇಜಿನ ಎಡಬದಿಯಲ್ಲೇ ಗುರುವಾರದ ಕಡತವಿತ್ತು.

"ಇದನ್ನ ಬೇರೆ ಯಾರು ನೋಡಿದಾರೆ?" ಎಂದು ಅವರು ಮೆಲ್ಲಗೆ ಕೇಳಿದರು.

"ನಾನು ನೋಡಿದೀನಲ್ಲ, ಮೇಡಂ," ಎಂದರು ಮುಳ್ಳಕ್ಕ.

ಮುಖ್ಯಸ್ಥೆ ಫೋನ್ ಎತ್ತಿ ಅಚ್ಚಿನ ಮನೆಗೆ ಪುಸ್ತಕ ನಿಲ್ಲಿಸಲು ಹೇಳಿದರು. ಆಮೇಲೆ ಕಡತ ಬಿಡಿಸಿ, ಬೆಂಕಿಯ ಕಥೆಯಿದ್ದ ನಾಲ್ಕು ಹಾಳೆ ತೆಗೆದು ಬದಿಗಿಟ್ಟರು. ಕಡತ ಎಷ್ಟು ತೆಳ್ಳಗಾಯಿತು ಎನ್ನುವುದನ್ನು ಮೂವರೂ ನೋಡಿದೆವು.

ಗುರುವಾರದ ಸಭೆ ಹನ್ನೆರಡು ನಿಮಿಷದಲ್ಲಿ ಮುಗಿಯಿತು. ಗುರುತಿಸಿದ್ದೇ ತಪ್ಪಾದವರಿಗೆ ಗುರುತಿಸುವ ಹುದ್ದೆ ಹೇಗೆ ಕೊಡುವುದೆಂದು ಒಬ್ಬ ಸದಸ್ಯರು ಕೇಳಿದರಂತೆ. ತಪ್ಪು ಹಿಡಿದವರೂ ಅವರೇ ಎಂದು ಮುಖ್ಯಸ್ಥೆ ಹೇಳಿದ್ದಕ್ಕೆ, ಮುಂದಿನ ವರ್ಷ ನೋಡೋಣ ಎಂಬ ಉತ್ತರ ಬಂದಿದೆ. ಗೋಡೆಯ ಬೆಂಕಿಯ ಚಿತ್ರ ಶುಕ್ರವಾರ ಇಳಿಯಿತು. ಅಲ್ಲೀಗ ಬೋಳು ಗೋಡೆ, ಬಂದವರು ಅದರ ಮುಂದೆ ನಿಲ್ಲದೆ ದಾಟಿ ಹೋಗುತ್ತಾರೆ.

ಶನಿವಾರ ನಾನು ಕೊನೆಯ ಸಲ ಹೋದಾಗ ಮುಳ್ಳಕ್ಕ ಮಡಕೆಯಲ್ಲಿ ಸೈನಿಕರ ನಾಣ್ಯಗಳು ಶುರುವಾಗುವ 2001ನೆಯದರಿಂದ ಮುಂದಿನ ಎಲ್ಲವನ್ನೂ ಮತ್ತೆ ಮೇಜಿಗೆ ಇಳಿಸಿಕೊಂಡಿದ್ದಾರೆ. ಯಾರೂ ಹೇಳಿಲ್ಲ, ಅವರೇ ಶುರು ಮಾಡಿದ್ದಾರೆ. ಬೇಜಾರಾಗಲಿಲ್ಲವೇ ಎಂದು ಕೇಳುತ್ತೇನೆ.

"ಆಗದೇ ಏನು? ಮನೆಗೆ ಹೋಗಿ ಚೆನ್ನಾಗಿ ಅತ್ತೆ. ನಮ್ಮೋರು ಬಸ್ಸಿಂದ ಕೈ ಹಿಡ್ಕೊಂಡು ಇಳಿಸಿದ್ರು. ಹತ್ತೊಂಬತ್ತು ವರ್ಷ ಕಣ್ರೀ, ಕಡಿಮೆ ಏನಲ್ಲ."

ಹಾಗಾದರೆ ನಿಮ್ಮ ಬಗ್ಗೆ ನಾನು ಏನು ಬರೆಯಲಿ ಎಂದು ಕೇಳುತ್ತೇನೆ. ಅವರು ಮುಂದಿನ ನಾಣ್ಯವನ್ನು ಎತ್ತಿಕೊಂಡು, ಮೇಲಿನಿಂದ ಕೆಳಕ್ಕೆ ಮಗುಚಿ, ಬಿಸಿಲಿಗೆ ಹಿಡಿಯುತ್ತಾರೆ.

"ಏನಾದ್ರೂ ಬರ್ಕೊಳ್ಳಿ. ಕಂಬ ಎರಡು ಅನ್ನೋದನ್ನ ಮಾತ್ರ ತಪ್ಪಿಲ್ಲದೆ ಬರೀರಿ. ಆ ಮಡಕೆ ಹೂತೋನು, ಪಾಪ, ಎದ್ದು ಬಂದು ನಾನು ಹೂತಿದ್ದು ಇಂಥಾಗ ಅಂತ ಹೇಳೋಕಾಗಲ್ಲ. ಅವನ ಪರವಾಗಿ ಹೇಳೋಳು ನಾನೊಬ್ಬಳು. ನಾನೂ ಸುಳ್ಳು ಹೇಳಿದ್ರೆ ಅವನಿಗೆ ಇನ್ಯಾರಿದಾರೆ?"