ಗಿಟಾರಿಗೆ ಕಟ್ಟು ಕಟ್ಟಿದ ಪೈಲ್ವಾನ್ ಕಾಕಾ

ಪೈಲ್ವಾನ್ ಕಾಕಾ ಅವರ ಕಿವಿಗಳು ಕಿವಿಗಳಂತೆ ಇರಲಿಲ್ಲ. ಗಡಿಬಿಡಿಯಲ್ಲಿ ಎಣ್ಣೆಗೆ ಬಿಟ್ಟ ಎರಡು ಉಳ್ಳಾಗಡ್ಡಿ ಭಜಿಗಳನ್ನು ಯಾರೋ ಅವರ ತಲೆಯ ಎರಡೂ ಬದಿಗೆ ಒತ್ತಿ ಅಂಟಿಸಿದಂತಿದ್ದವು. ಇಪ್ಪತ್ತು ವರ್ಷ ಕುಸ್ತಿಯ ಮಣ್ಣಿನಲ್ಲಿ ಉಜ್ಜಿಸಿಕೊಂಡಿದ್ದರ ಫಲ ಅದು. ಕನ್ನಡಕದ ಕಡ್ಡಿ ಅವುಗಳ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಅದಕ್ಕೇ ಕಾಕಾ ಕಡ್ಡಿಗಳಿಗೆ ಪಾಯಿಜಾಮದ ಲಾಡಿ ಕಟ್ಟಿ, ತಲೆಯ ಹಿಂದೆ ಗಂಟು ಹಾಕಿಕೊಳ್ಳುತ್ತಿದ್ದರು. ಆ ಗಂಟು ಬಿಗಿದರೆಂದರೆ ಯಾರದೋ ಎಲುಬಿಗೆ ಕಾಲ ಬಂತು ಅಂತ ಅರ್ಥ.

ನಾಚಾರಂನಲ್ಲಿ ನಮ್ಮದು ಮೂರನೆಯ ಮಹಡಿ, ಅವರದು ನೆಲಮಹಡಿ. ಅವರು ಆಳಂದದ ಕಡೆಯವರು, ನಾವು ಕಲಬುರ್ಗಿಯವರು. ಹೀಗಾಗಿ ತೆಲುಗು ತುಂಬಿದ ಆ ಇಡೀ ಬಿಲ್ಡಿಂಗಿನಲ್ಲಿ ಹೊರಗಿನವರಿಂದಲೂ ಕನ್ನಡದಲ್ಲೇ ಬೈಸಿಕೊಳ್ಳುವ ಭಾಗ್ಯ ನನಗೊಬ್ಬನಿಗೇ ಇತ್ತು. ಅವರ ಮುಂದಿನ ಕೋಣೆಯೇ ಎಲುಬು ಕೂಡಿಸುವ ದವಾಖಾನೆ. ಮೆಷಿನ್ನಿಗೆ ಬೆರಳು ಕೊಟ್ಟ ಕಾರ್ಖಾನೆಯವರು, ಮಾದಾಪುರದ ಫ್ಲೈಓವರಿನಲ್ಲಿ ಸ್ಕೂಟರಿನಿಂದ ಹಾರಿದ ಇಂಜಿನಿಯರುಗಳು, ಎಲ್ಲರೂ ಅಲ್ಲಿಗೇ ಬರುತ್ತಿದ್ದರು. ನಮ್ಮ ಮನೆಯ ಗಡಿಯಾರ ನಿಂತು ಎರಡು ವರ್ಷವಾಗಿದ್ದರೂ ಯಾರೂ ಸೆಲ್ ಹಾಕಿರಲಿಲ್ಲ. ಕೆಳಗಿನಿಂದ ಮೊದಲ ಕಿರುಚಾಟ ಬಂದರೆ ಎಂಟು ಗಂಟೆ, ನನ್ನ ಕಾಲೇಜಿನ ಬಸ್ಸಿನ ಹೊತ್ತು.

ಕಾಕಾರದು ಒಂದೇ ಮಂತ್ರ. ರೋಗಿಯನ್ನು ಹಲಗೆಯ ಮೇಲೆ ಮಲಗಿಸಿ, ಕೈಯನ್ನು ಮೆಲ್ಲಗೆ ಸವರುತ್ತ, ಬೀಗರನ್ನು ವಿಚಾರಿಸುವ ಧ್ವನಿಯಲ್ಲಿ ಕೇಳುತ್ತಿದ್ದರು: "ನಿನ್ನಿ ರಾತ್ರಿ ಏನ್ ಉಂಡ್ರಿ?"

"ಬದನೀಕಾಯಿ ಪ—"

ಖಟಕ್. ಎಲುಬು ಕೂಡಿತು. ಆ ಕೋಣೆಯಲ್ಲಿ ಯಾರೂ ಯಾವತ್ತೂ ಒಂದು ಅಡುಗೆಯ ಹೆಸರನ್ನು ಪೂರ್ತಿ ಹೇಳಿದ್ದಿಲ್ಲ. ಬಿರ್ಯಾನಿ ತಿಂದವರೂ "ಬಿರ್" ಅಂತ ಮಾತ್ರ ಅಂದು ಛಾವಣಿ ನೋಡಿದರು.

ನಮ್ಮ ಅಪ್ಪ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಕೂದಲೆಳೆಯಷ್ಟು ಸಂದನ್ನೂ ಸಹಿಸದ ಮನುಷ್ಯ. ಮಗನ ಫಿಸಿಕ್ಸ್ ಅಂಕಗಳಲ್ಲಿ ಮಾತ್ರ ಲಾರಿ ಹಾಯುವಷ್ಟು ಸಂದು. ಇಂಟರ್, ಅಂದರೆ ನಮ್ಮ ಕಡೆಯ ಪಿಯುಸಿ, ಮೊದಲ ವರ್ಷದ ಆ ಅಂಕಗಳನ್ನು ಒಂದು ಕೈಯಲ್ಲಿ ಎಣಿಸಿದರೂ ಬೆರಳು ಉಳಿಯುತ್ತಿದ್ದವು. ಅಪ್ಪ ಅವನ್ನು ಮೊಬೈಲಿನಲ್ಲಿ ನೋಡುವ ಹೊತ್ತಿಗೆ ನಾನು ಒಳಗೆ ಗಿಟಾರ್ ಹಿಡಿದು ಕೂತಿದ್ದೆ. ಮೊದಲ ಎರಡು ಏಟು ನನಗೆ. ಆಮೇಲೆ ಗಿಟಾರಿನ ಕುತ್ತಿಗೆ ಹಿಡಿದು ಬೀಸಿದ. ಅಪ್ಪ ಗಿಟಾರ್ ಬಾರಿಸಿದ್ದು ಜೀವನದಲ್ಲಿ ಅದೊಂದೇ ಸಲ, ಅದೂ ಕಬ್ಬಿಣದ ಮಂಚಕ್ಕೆ. ಆರೂ ತಂತಿಗಳು ಒಟ್ಟಿಗೆ ಚೀರಿದವು. ಅವ್ವ ಅಡುಗೆಮನೆಯಿಂದ ಲಟ್ಟಣಿಗೆ ಹಿಡಿದು ಓಡಿಬಂದು, ಯಾರಿಗೆ ಹೊಡೆಯಬೇಕೋ ತಿಳಿಯದೆ ಬಾಗಿಲಿಗೆ ಹೊಡೆದಳು.

ಅಪ್ಪ ಕೈ ಮಾಡಿದ್ದು ಅದೇ ಮೊದಲಲ್ಲ. ನಾನು ಆರನೆಯ ತರಗತಿಯಿಂದ ನೋಡಿಕೊಂಡು ಬಂದ ಕೈ ಅದು. ಆದರೆ ಆ ಸಂಜೆ ಬಾತ್‌ರೂಮಿನ ಕನ್ನಡಿಯಲ್ಲಿ ಕೆನ್ನೆ ನೋಡಿಕೊಳ್ಳುವಾಗ ನನ್ನ ಭುಜ ಅಪ್ಪನ ಭುಜದಷ್ಟೇ ಅಗಲವಾಗಿದ್ದು ಕಂಡಿತು. ಮುಂದಿನ ಸಲ ನಾನೂ ಕೈ ಮಾಡುತ್ತೇನೆ ಅಂತ ಕನ್ನಡಿಗೆ ಹೇಳಿ ಹೊರಗೆ ಬಂದೆ.

ಗಿಟಾರಿನ ತಲೆ ಕುತ್ತಿಗೆಗೆ ಸೇರುವಲ್ಲಿ ಸೀಳಿತ್ತು. ಎರಡು ನಿಮಿಷಕ್ಕೆ ಹಿಡಿಯುವ ಗಮ್ ತಂದು ಅಂಟಿಸಿದೆ. ಗಿಟಾರಿಗಿಂತ ಗಟ್ಟಿಯಾಗಿ ನನ್ನ ಹೆಬ್ಬೆರಳು ತೋರುಬೆರಳು ಅಂಟಿಕೊಂಡವು. ತಲೆಯೇನೋ ನಿಂತಿತು, ಆದರೆ ಮದುವೆಯ ಗ್ರೂಪ್ ಫೋಟೋದಲ್ಲಿ ಸಿಟ್ಟಾದ ಸೋದರಮಾವನ ಹಾಗೆ ಪಕ್ಕಕ್ಕೆ ತಿರುಗಿಕೊಂಡು. ತಂತಿಯ ಕೆಳಗೆ ಇಲಿಯೊಂದು ಸಂಸಾರ ಸಮೇತ ಹಾಯಬಹುದಿತ್ತು.

ಐದನೆಯ ದಿನ, ಅರ್ಧ ತಮಾಷೆಗೆ, ಅರ್ಧ ದಿಕ್ಕು ತೋಚದೆ, ಅದನ್ನು ಎತ್ತಿಕೊಂಡು ಕೆಳಗೆ ಹೋದೆ.

"ಕಾಕಾ, ಇದಕ್ಕೂ ಬಿದಿರಿನ ಚಕ್ಕಿ ಇಟ್ಟು ಕಟ್ಟು ಕಟ್ಟತೀರೇನ್ರಿ?"

ಕಾಕಾ ನಗಲಿಲ್ಲ. ಲಾಡಿಯ ಗಂಟು ಬಿಗಿದರು. ಗಿಟಾರನ್ನು ಹಲಗೆಯ ಮೇಲೆ ಮಲಗಿಸಿ, ಕಣ್ಣು ಮುಚ್ಚಿ, ಎರಡೂ ಹೆಬ್ಬೆರಳಿನಿಂದ ಕುತ್ತಿಗೆ ಸವರಿದರು.

"ಯಾವಾಗ ಮುರೀತು?"

"ಐದು ದಿನ ಆತ್ರಿ."

"ಯಾ ಮಂಗ್ಯಾ ಕೂಡಿಸ್ಯಾನ ಇದನ್ನ?"

"ನಾನ ರೀ."

"ಹೂಂ. ಸೊಟ್ಟ ಕೂಡೇತಿ. ನಿನ್ನಿ ರಾತ್ರಿ ಏನ್ ಉಂಡಿ?"

"ಪುಂಡಿ ಪ—"

ಮೊಣಕಾಲಿಗೆ ಒತ್ತಿ ಖಟಕ್ ಅಂತ ಮುರಿದೇಬಿಟ್ಟರು. ನಾನು ಕಿರುಚಿದ ಕಿರುಚಾಟಕ್ಕೆ, ಸರದಿಯಲ್ಲಿ ಕೂತಿದ್ದ ಭುಜ ಜಾರಿದ ಇಂಜಿನಿಯರ್ ಎದ್ದು, ಜಾರಿದ ಭುಜದ ಸಮೇತ ಓಡಿಹೋದ. ಇವತ್ತಿಗೂ ಮರಳಿ ಬಂದಿಲ್ಲ.

"ಒದರು, ಒದರು. ಒದರಾಕ ರೊಕ್ಕ ಬೀಳಂಗಿಲ್ಲ," ಅಂದರು ಕಾಕಾ. "ತಮ್ಮಾ, ಸೊಟ್ಟ ಕೂಡಿದ್ದನ್ನ ಹಂಗ ಬಿಟ್ರ ಜನ್ಮಪೂರ್ತಿ ನೋವು. ಮತ್ತ ಮುರದ ಕೂಡಿಸಬೇಕು. ಮುರ್ಯಾವ್ನ ಕೈ ಮಾತ್ರ ತಣ್ಣಗ ಇರಬೇಕು."

ಹಳೆಯ ಗಮ್ಮನ್ನೆಲ್ಲ ಕೆರೆದು ತೆಗೆದೆವು. ಕಾಕಾ ತತ್ತಿಯ ಬಿಳಿ ಮತ್ತು ಉದ್ದಿನ ಹಿಟ್ಟು ಕಲಸಲು ಹೊರಟರು, ಅವರ ಪ್ರಕಾರ ಅದು ಹಿಡಿಯದ ವಸ್ತುವೇ ಇಲ್ಲ. ನಾನು ಕಾಲಿಗೆ ಬಿದ್ದು ಬಡಗಿಗಳ ಬಿಳಿ ಅಂಟು ಹಾಕಿಸಿದೆ. ಆದರೂ ಶಾಸ್ತ್ರಕ್ಕೆ ಅಂತ ಹೊರಗೊಂದು ಕೋಟು ತತ್ತಿ ಬಳಿದೇ ಬಿಟ್ಟರು. ಬಿದಿರಿನ ಚಕ್ಕೆ ಇಟ್ಟು ಬಟ್ಟೆ ಸುತ್ತಿದರು. ಮುಂದೆ ಒಂದು ತಿಂಗಳು ನಮ್ಮ ಮನೆಯಲ್ಲಿ ಆಮ್ಲೆಟ್ಟಿನ ವಾಸನೆ. ತತ್ತಿಯನ್ನು ಹೊಸಿಲೊಳಗೆ ಬಿಡದ ಅವ್ವ ನೆರೆಯವರನ್ನೆಲ್ಲ ಅನುಮಾನಿಸಿದಳು.

"ಇದನ್ನ ಎಲ್ಲಿ ಇಡತಿ?" ಅಂತ ಕೇಳಿದರು ಕಾಕಾ.

"ಹಾಸಿಗಿ ಮ್ಯಾಲ ರೀ."

"ಹಾಸಿಗಿ ಮ್ಯಾಲ ಎಲುಬು ಕೂಡಂಗಿಲ್ಲ. ಹಲಗಿ ಬೇಕು."

ಮರುದಿನ ಲಿಫ್ಟು ಕೆಟ್ಟಿತ್ತು. ಎಪ್ಪತ್ತು ದಾಟಿದ ಮನುಷ್ಯ, ಮೂಲೆಯಲ್ಲಿ ನಿಲ್ಲಿಸಿಟ್ಟಿದ್ದ ಆರಡಿಯ ಸಾಗವಾನಿ ಹಲಗೆಯನ್ನು ತಲೆಯ ಮೇಲೆ ಹೊತ್ತು ಮೂರು ಮಹಡಿ ಹತ್ತಿದರು. ನಾನು ಹಿಂದಿನಿಂದ ಅವರ ಟವೆಲ್ ಹೊತ್ತು ನೆರವಾದೆ. ನಮ್ಮ ಬಾಲ್ಕನಿಯಲ್ಲಿ ಸತ್ತುಹೋದ ಕೂಲರಿನ ಕಬ್ಬಿಣದ ಸ್ಟ್ಯಾಂಡಿತ್ತು, ಅದರ ಮೇಲೆ ಹಲಗೆ ಕೂಡಿಸಿದೆವು. ಗಿಟಾರಿನ ಬೆನ್ನು ಗೀರಬಾರದು ಅಂತ ಹಳೆಯ ಜಮಖಾನೆಯ ತುಂಡು ಹಾಸಿದೆವು. ಕುತ್ತಿಗೆಗೆ ಅವ್ವನ ಇಳಕಲ್ ಸೀರೆಯನ್ನು ಸುತ್ತಿ ದಿಂಬು. ಅದು ಅವ್ವನಿಗೆ ಗೊತ್ತಾದದ್ದು ಎರಡು ವಾರದ ಮೇಲೆ, ಆ ಕಥೆ ಇಲ್ಲಿ ಬೇಡ. ಗುಜರಿಯಿಂದ ಎರಡು ಕ್ಲಾಂಪು, ಒಂದು ಸಣ್ಣ ಅರ, ಉಕ್ಕಿನ ಸ್ಕೇಲು, ಮೂರು ನಮೂನೆ ಉಪ್ಪುಕಾಗದ.

ಎಲ್ಲ ಜೋಡಿಸಿದ ಮೇಲೆ ಕಾಕಾ ನನ್ನ ಕಣ್ಣಿಗೆ ಟವೆಲ್ ಕಟ್ಟಿದರು. "ಒಂದ ಕೈ ಪೇಶೆಂಟ್ ಮ್ಯಾಲ. ಇನ್ನೊಂದ ಕೈಗೆ ಎಲ್ಲಾ ಸಿಗಬೇಕು. ಅರ ತಗಿ."

ತೆಗೆದೆ. ಅದು ಅವ್ವನ ಬಾಚಣಿಗೆ.

"ಮತ್ತ ಜೋಡಿಸು."

ಹನ್ನೊಂದು ಸಲ ಜೋಡಿಸಿದೆ. ಇವತ್ತು ಕರೆಂಟ್ ಹೋದರೂ ನಾನು ಆ ಹಲಗೆಯ ಮುಂದೆ ನಿಂತು ಗಿಟಾರಿನ ಆರೂ ತಂತಿ ಬದಲಿಸಬಲ್ಲೆ. ಅಪ್ಪ ಮಾತ್ರ ಡ್ಯೂಟಿಯಿಂದ ಬಂದವನು ಸ್ಟ್ಯಾಂಡಿನ ಕಾಲಿಗೆ ಒಮ್ಮೆ ಒದ್ದು, "ಅಲುಗಾಡತೈತಿ," ಅಂದು ಒಳಗೆ ಹೋದ.

ಅದೇ ವಾರ ನಾನು ಕಾಕಾರನ್ನು ಕೇಳಿದೆ: "ನನಗೂ ಒಂದು ಪಟ್ಟು ಕಲಸ್ರಿ. ಯಾರರ ಹೊಡ್ಯಾಕ ಕೈ ಎತ್ತಿದ್ರ ಹಿಡಿಯೂ ಪಟ್ಟು."

"ಯಾರ ಸಲುವಾಗಿ?"

"ಕಾಲೇಜಿನಾಗ ಹುಡುಗರು ಅದಾರ್ರೀ. ಭಾಳ ತ್ರಾಸ ಕೊಡತಾರ."

ಇಷ್ಟು ಸಲೀಸಾಗಿ ನಾನು ಫಿಸಿಕ್ಸ್ ಹೇಳಿದ್ದರೆ ರ‍್ಯಾಂಕ್ ಬರುತ್ತಿತ್ತು. ಕಾಕಾ ಮಣಿಕಟ್ಟು ಹಿಡಿಯುವುದನ್ನು ಕಲಿಸಿದರು. "ಅರ್ಧಾ ತಿರುವು. ಅಷ್ಟರಾಗ ಅವ್ನ ಕೈ ಸಡಲ ಆಕ್ಕತಿ, ಬಿಟ್ಟ ಓಡು. ಅರ್ಧಾ ಅಂದ್ರ ಅರ್ಧಾ." ಕಲಿಸುವಾಗಲೇ ತಮ್ಮ ಒಂದು ಮಾತನ್ನೂ ಹೇಳಿದರು. ಒಮ್ಮೆ ಬೀದರಿನ ಕಡೆ ಕುಸ್ತಿಯಲ್ಲಿ, ಜನ ಸಿಳ್ಳೆ ಹಾಕಿದ ಉಮೇದಿನಲ್ಲಿ, ಎದುರಾಳಿಯ ತೋಳನ್ನು ಅವರು ಪೂರ್ತಿ ತಿರುವಿದ್ದರು. ಅವನು ಮತ್ತೆಂದೂ ಆ ಕೈಯಿಂದ ತುತ್ತು ಎತ್ತಲಿಲ್ಲ. "ಮುರಿಯೂದು ಒಂದ ದಿನದಾಗ ಕಲ್ತೆ. ಕೂಡಸೂದು ಕಲ್ಯಾಕ ಹನ್ನೊಂದ ವರ್ಷ ಹಿಡೀತು."

ನಾನು ಹೂಂ ಅಂದೆ. ಕೇಳಿಸಿಕೊಂಡದ್ದು ಪಟ್ಟನ್ನು ಮಾತ್ರ.

ತಿಂಗಳ ಕೊನೆಗೆ ಗಿಟಾರಿನ ಕಟ್ಟು ಬಿಚ್ಚಿದೆ. ಕುತ್ತಿಗೆ ನೆಟ್ಟಗಿತ್ತು. ತಂತಿ ಏರಿಸಿ, ಅದರ ಕೆಳಗಿನ ಸಂದು ಅಳೆಯಲು ಅಪ್ಪನ ಚೀಲದಿಂದ ಫೀಲರ್ ಗೇಜ್ ಕದ್ದೆ. ತೆಳ್ಳನೆಯ ಉಕ್ಕಿನ ಎಲೆಗಳ ಆ ಗೊಂಚಲು ಇಲ್ಲದೆ ಅಪ್ಪ ಕೆಲಸಕ್ಕೆ ಹೋಗಿ, ಸೂಪರ್‌ವೈಸರನಿಂದ ಎಲ್ಲರ ಮುಂದೆ ಬೈಸಿಕೊಂಡು ಬಂದ. ಬಾಲ್ಕನಿಯಲ್ಲಿ ನನ್ನ ಕೈಯಲ್ಲಿ ಅದನ್ನು ಕಂಡ. ಒಂದು ಕೈಯಿಂದ ಗಿಟಾರಿನ ಕುತ್ತಿಗೆ ಹಿಡಿದ, ಇನ್ನೊಂದು ಕೈ ನನ್ನ ಮೇಲೆ ಎತ್ತಿದ.

ನಾನು ಮಣಿಕಟ್ಟು ಹಿಡಿದೆ. ಅರ್ಧ ತಿರುವಿದೆ. ಅಪ್ಪನ ಕೈ ಸಡಿಲಾಯಿತು, ಗಿಟಾರೂ ಜಮಖಾನೆಯ ಮೇಲೆ ಬಿತ್ತು. ಅಲ್ಲಿಗೆ ಬಿಡಬಹುದಿತ್ತು.

ನಾನು ಪೂರ್ತಿ ತಿರುವಿದೆ.

ಎಲ್ಲವನ್ನೂ ಹಿಗ್ಗಿಸಿ ಹೇಳುವ ನನಗೆ ಈ ಸದ್ದನ್ನು ಮಾತ್ರ ಹಿಗ್ಗಿಸಲು ಬರುವುದಿಲ್ಲ. ಸಣ್ಣ ಸದ್ದು ಅದು. ಅಪ್ಪ ಕಿರುಚಲಿಲ್ಲ. ನೆಲದ ಮೇಲೆ ಕೂತು, ಬೇರೆ ಯಾರದೋ ಕೈ ನೋಡುವಂತೆ ತನ್ನ ಕೈ ನೋಡಿಕೊಂಡ.

ಅವ್ವ ಕೂಗಿದ ಕೂಗಿಗೆ ಕಾಕಾ ಮೇಲೆ ಬಂದರು. ಅಪ್ಪನ ಮಣಿಕಟ್ಟು ನೋಡಿದರು, ನನ್ನನ್ನು ನೋಡಿದರು. ಯಾವ ಪಟ್ಟು, ಯಾವ ಕಾಲೇಜಿನ ಹುಡುಗರು ಅಂತ ಅವರಿಗೆ ತಿಳಿಯಿತು. ಗಿಟಾರನ್ನು ಪಕ್ಕಕ್ಕೆ ಸರಿಸಿ, ಅಪ್ಪನ ಕೈಯನ್ನು ಆ ಹಲಗೆಯ ಮೇಲೆ, ಸೀರೆಯ ದಿಂಬಿನ ಮೇಲೆ ಇಟ್ಟರು.

"ಬಾ ಇಲ್ಲಿ. ಬೆರಳ ಹಿಡಿ."

"ನಾನಾ? ಬ್ಯಾಡ್ರಿ ಕಾಕಾ, ನನಗ—"

"ಮುರದಾಂವ ನೀನ. ನೀನ ಜಗ್ಗು. ನಾ ಹೇಳಿದಾಗ."

ಅಪ್ಪನ ಬೆರಳುಗಳನ್ನು ಹಿಡಿದೆ. ಹೊಡೆಯದೆ ಇರುವಾಗ ಆ ಕೈ ಹೇಗಿರುತ್ತದೆ ಅಂತ ನನಗೆ ನೆನಪೇ ಇರಲಿಲ್ಲ. ಬೆವರಿತ್ತು. ಜಾರದಂತೆ ಎರಡೂ ಕೈಯಿಂದ ಹಿಡಿದೆ.

ಕಾಕಾ ಲಾಡಿ ಬಿಗಿದರು. ಅಪ್ಪನಿಗೆ ಆ ಮಂತ್ರ ಗೊತ್ತಿತ್ತು, ಹಲ್ಲು ಕಚ್ಚಿ ಕಾದ. ಕಾಕಾ ಊಟ ವಿಚಾರಿಸಲಿಲ್ಲ.

"ಈ ಹುಡುಗನ್ನ ಯಾಕ ಹೊಡೀತೀರಿ?"

ಅಪ್ಪ ಬಾಯಿ ತೆರೆದ. "ನಮ್ಮಪ್ಪ ನನ್ನ—"

"ಜಗ್ಗು!"

ಜಗ್ಗಿದೆ. ಖಟಕ್. ಅಪ್ಪ ಒದರಿದ ಒದರಾಟಕ್ಕೆ ಎದುರಿನ ಬಿಲ್ಡಿಂಗಿನ ನಾಯಿ ಮೂರು ದಿನ ಬೊಗಳಲಿಲ್ಲ. ಆ ಮಾತನ್ನು ಅಪ್ಪ ಪೂರ್ತಿ ಮಾಡಲಿಲ್ಲ, ನಾನೂ ಕೇಳಲಿಲ್ಲ. ನನ್ನ ಅಜ್ಜ ನನಗೆ ಗೋಡೆಯ ಮೇಲಿನ ಫೋಟೋ ಮಾತ್ರ. ಅವತ್ತಿನಿಂದ ಅದರ ಕಡೆ ನೋಡುವಾಗ ಅವರ ಕೈಗಳನ್ನೇ ನೋಡುತ್ತೇನೆ.

ಕಟ್ಟು ಕಟ್ಟಿದ ಮೇಲೆ ಕಾಕಾ ನನಗೆ ಎರಡು ಬಾರಿಸುತ್ತಾರೆ ಅಂತ ಕಾದೆ. ನಿಜಕ್ಕೂ, ಬಾರಿಸಲಿ ಅಂತ ಬೇಡಿಕೊಂಡೆ. ಅವರು ಅಪ್ಪನ ಎದುರು ನೆಲಕ್ಕೆ ಕೂತು, ಎರಡೂ ಕೈ ಜೋಡಿಸಿದರು.

"ಪಟ್ಟ ಕಲಿಸಿದಾಂವ ನಾನ್ರಿ. ತಪ್ಪ ನಂದು. ಇದು ನನ್ನ ಕೈಯಿಂದ ಎರಡನೇದ್ದು."

ನನಗಿಂತ ಐವತ್ತೈದು ವರ್ಷ ದೊಡ್ಡವರು. ನನ್ನ ಸುಳ್ಳನ್ನು ಅವರು ಅಪ್ಪನಿಗೆ ಹೇಳಲೇ ಇಲ್ಲ. ನಾನೇ ಹೇಳಿದೆ, ಅಲ್ಲೇ, ಅಳುತ್ತ. ಅಪ್ಪ ಕಣ್ಣು ಮುಚ್ಚಿ ಗೋಡೆಗೆ ಒರಗಿಕೊಂಡ. ಮರುದಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು ನಮ್ಮೆಲ್ಲರನ್ನೂ ತೆಲುಗಿನಲ್ಲಿ ಬೈದು, ಎಲುಬು ಮಾತ್ರ ಸರಿಯಾಗಿ ಕೂತಿದೆ ಅಂತ ಪ್ಲಾಸ್ಟರ್ ಹಾಕಿದರು.

ನಲವತ್ತು ದಿನ ಅಪ್ಪ ಮನೆಯಲ್ಲಿ. ಅಂಗಿಯ ಗುಂಡಿ ನಾನು ಹಾಕುತ್ತಿದ್ದೆ, ರೊಟ್ಟಿ ನಾನು ಮುರಿದು ಕೊಡುತ್ತಿದ್ದೆ. ಸಿಟ್ಟೇನೂ ಪ್ಲಾಸ್ಟರಿನೊಳಗೆ ಸೇರಿರಲಿಲ್ಲ. ಎಡಗೈಯಿಂದ ಅವನು ನನ್ನತ್ತ ಎಸೆದ ಲೋಟ ಪಕ್ಕದ ಮನೆಯ ಬಾಲ್ಕನಿಗೆ ಹೋಗಿ ಬಿತ್ತು, ಅವರು ತೊಳೆದು ಮರಳಿ ಕೊಟ್ಟರು. ಆದರೆ ಫಿಟ್ಟರ್ ಮನುಷ್ಯ, ನಾನು ಗಿಟಾರಿನ ಕುತ್ತಿಗೆಯ ಲೋಹದ ಪಟ್ಟಿಗಳನ್ನು ಅರದಿಂದ ಉಜ್ಜುವುದನ್ನು ಎಷ್ಟು ದಿನ ಸುಮ್ಮನೆ ನೋಡಿಯಾನು?

"ಹಂಗಲ್ಲಲೇ, ಕತ್ತಿ ಮಗನ. ಅರಾ ಅಡ್ಡ ಹಿಡಿ. ಅದೇನ್ ತೆಂಗಿನಕಾಯಿ ಹೆರ್ಯಾಕತ್ತೀಯೇನ್?"

ಹತ್ತನೆಯ ದಿನ ಎಡಗೈಯಲ್ಲಿ ರಸಮಟ್ಟ ಹಿಡಿದು ಬಂದು, ಸ್ಟ್ಯಾಂಡಿನ ಕಾಲಿನ ಕೆಳಗೆ ತಗಡಿನ ಚೂರು ತುರುಕಿದ. ಹಲಗೆ ಅಲುಗಾಡುವುದು ನಿಂತಿತು. ಫೀಲರ್ ಗೇಜನ್ನು ಅದರ ಮೇಲಿಟ್ಟು, "ಕೇಳಿ ತಗೋ," ಅಂದ. ಅಷ್ಟೇ.

ಈಗ ಮಾದಾಪುರದಿಂದಲೂ ಹುಡುಗರು ಸೊಟ್ಟ ಅಂಟಿಸಿದ ಗಿಟಾರ್ ತರುತ್ತಾರೆ. ಮತ್ತೆ ಮುರಿಯುವ ಮೊದಲು ನನ್ನ ಕೈ ತಣ್ಣಗಿದೆಯೇ ಅಂತ ಕೆನ್ನೆಗೆ ಇಟ್ಟು ನೋಡಿಕೊಳ್ಳುತ್ತೇನೆ. ಕೆಲವು ದಿನ ಇರುವುದಿಲ್ಲ. ಆ ದಿನ ಗಿಟಾರನ್ನು ಮುಟ್ಟುವುದಿಲ್ಲ.

ಕಾಕಾ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಎಂಟು ಗಂಟೆಗೆ ಕೆಳಗಿನಿಂದ ಯಾವ ಕಿರುಚಾಟವೂ ಬರಲಿಲ್ಲ. ಇಡೀ ಬಿಲ್ಡಿಂಗ್ ಕೆಲಸಕ್ಕೆ ತಡವಾಯಿತು, ಆಮೇಲೆ ಎಲ್ಲರೂ ಕೆಳಗೆ ಓಡಿದರು. ಸ್ಮಶಾನಕ್ಕೆ ಹೋಗುವ ದಾರಿಯುದ್ದ ಜನ. ಅವರು ಕೂಡಿಸಿದ ಕಾಲುಗಳೇ ಸಾವಿರ ಇದ್ದವು ಅಂದರೆ ನಾನು ಐನೂರಷ್ಟೇ ಸೇರಿಸಿರಬಹುದು. ಒಬ್ಬರೂ ಕುಂಟುತ್ತಿರಲಿಲ್ಲ.

ಚಟ್ಟದ ಮುಂಭಾಗಕ್ಕೆ ನಾನು ಹೆಗಲು ಕೊಟ್ಟಿದ್ದೆ. ಅರ್ಧ ದಾರಿಯಲ್ಲಿ ಹೆಗಲು ಉರಿಯತೊಡಗಿತು. ಪಕ್ಕದಲ್ಲಿ ನಡೆಯುತ್ತಿದ್ದ ಅಪ್ಪ ನನ್ನ ಮುಖ ನೋಡಿದ. ಬಲಗೈ ಎತ್ತಿದ. ಸರ್ರನೆ ನನ್ನ ತಲೆಯ ಕಡೆಗೇ ಬಂತು ಆ ಕೈ.

ನಾನು ಕಣ್ಣು ಮುಚ್ಚಲಿಲ್ಲ. ಅದು ನನ್ನ ಕಿವಿಯ ಪಕ್ಕದಿಂದ ಹಾದು ಬಿದಿರನ್ನು ಹಿಡಿಯಿತು.

"ಬಿಡು," ಅಂದ ಅಪ್ಪ. "ನಾ ಹಿಡೀತೀನಿ."