ಹಸಿದ ಮುಳ್ಳುಚೆಂಡಿನ ಗೆರೆ

ನಾನು ನಿಂತಿದ್ದದ್ದು ಯಂತ್ರದ ಕೋಣೆಯ ಬಾಗಿಲಿನ ಒಳಗೆ, ಬಲಗಡೆಯ ಗೋಡೆಗೆ ಸರಪಳಿಯಲ್ಲಿ ಕಟ್ಟಿದ್ದ ಹೀಲಿಯಂ ಸಿಲಿಂಡರಿನ ಪಕ್ಕ. ೨೦೧೧ರ ಮಳೆಗಾಲ, ಶ್ರಾವಣದ ಒಂದು ಸೋಮವಾರ, ಮಧ್ಯಾಹ್ನದ ಊಟ ಮುಗಿದ ಸ್ವಲ್ಪ ಹೊತ್ತಿಗೆ. ಕೋಣೆ ಇದ್ದದ್ದು ನವಿ ಮುಂಬಯಿಯಲ್ಲಿ, ಖಾರಘರದ ಗುಡ್ಡಗಳ ಕೆಳಗಿನ ಒಂದು ಸಂಶೋಧನಾ ಕಟ್ಟಡದ ನೆಲಮಹಡಿಯಲ್ಲಿ. ಅದಕ್ಕೆ ಕಿಟಕಿ ಇರಲಿಲ್ಲ. ಹೊರಗೆ ಮಳೆ ಸುರಿಯುತ್ತಿತ್ತೋ ನಿಂತಿತ್ತೋ ಎಂದು ಯಾರಾದರೂ ಕೇಳಿದರೆ ಹೇಳಲಾರೆ. ಕಂಪ್ಯೂಟರಿನ ಪರದೆ ಮಾತ್ರ ನೆಟ್ಟಗೆ ಕಾಣುತ್ತಿತ್ತು; ಅದಕ್ಕೂ ನನಗೂ ನಡುವೆ ಯಾರೂ ಅಡ್ಡ ಇರಲಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ಕೋಣೆಯಲ್ಲಿ ಇರದಿದ್ದವರೂ ಈ ಸಂಗತಿಯನ್ನು ತಮಗೆ ತೋಚಿದಂತೆ ಹೇಳುವುದನ್ನು ಆಮೇಲೆ ಕೇಳಿದ್ದೇನೆ.

ಕೋಣೆಯಲ್ಲಿ ನನ್ನನ್ನು ಸೇರಿಸಿ ನಾಲ್ವರಿದ್ದೆವು. ಧಾರವಾಡ ಕಡೆಯ ನಮ್ಮ ಪ್ರೊಫೆಸರು. ಯಂತ್ರ ನಡೆಸುವ ಆಪರೇಟರ್. ಇವನು ಕಲ್ಯಾಣದಲ್ಲೇ ಹುಟ್ಟಿ ಬೆಳೆದ ಕನ್ನಡದವನು, ಕನ್ನಡ ಪೂರ್ತಿ ಅರ್ಥವಾದರೂ ಉತ್ತರ ಹಿಂದಿಯಲ್ಲೇ ಕೊಡುತ್ತಿದ್ದ. ಆಗಷ್ಟೇ ಕೆಲಸಕ್ಕೆ ಸೇರಿ ಕಲಿಯುತ್ತಿದ್ದ ನಾನು. ನಾಲ್ಕನೆಯವರು ಪಿಎಚ್‌ಡಿ ಮುಗಿಸುವ ಹಂತದಲ್ಲಿದ್ದ ನನ್ನ ಸೀನಿಯರ್. ಅವರ ಊರು ಉಡುಪಿ ಕಡೆ, ಅಪ್ಪ ಠಾಣೆಯ ನೌಪಾಡಾದ ಒಂದು ಹೊಟೇಲಿನಲ್ಲಿ ಕ್ಯಾಶಿಯರ್, ಮನೆ ನನ್ನ ಹಾಗೆಯೇ ಡೊಂಬಿವಲಿ ಪೂರ್ವ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ.

ಅಕ್ಕನ ವಿಷಯ ದಕ್ಷಿಣ ಧ್ರುವದ ಕಡಲಿನ ಮುಳ್ಳುಚೆಂಡುಗಳು. ಇಂಗ್ಲಿಷಿನಲ್ಲಿ ಸೀ ಅರ್ಚಿನ್ ಎನ್ನುವ, ಮೈತುಂಬ ಮುಳ್ಳಿರುವ, ನಿಂಬೆಹಣ್ಣಿಗಿಂತ ತುಸು ದೊಡ್ಡ ಜೀವಿಗಳು. ಪ್ರೊಫೆಸರು ಹಿಂದೊಂದು ಬೇಸಿಗೆ ಅಲ್ಲಿನ ಶಿಬಿರಕ್ಕೆ ಹೋಗಿದ್ದಾಗ ಮಂಜುಗಡ್ಡೆಯಲ್ಲಿ ಕೊರೆದ ತೂತಿನಿಂದ ಅವುಗಳನ್ನು ತೆಗೆಸಿ, ಹೆಪ್ಪುಗಟ್ಟಿಸಿ ತಂದಿದ್ದರು. ವರ್ಷದ ಬಹುಭಾಗ ಬೆಳಕೇ ಇಳಿಯದ ಆ ತಳದಲ್ಲಿ ಅವು ಏನು ತಿಂದು ಬದುಕುತ್ತವೆ? ಅಕ್ಕ ಉತ್ತರ ಹುಡುಕುತ್ತಿದ್ದದ್ದು ಈ ಒಂದು ಪ್ರಶ್ನೆಗೆ. ಹೊಟ್ಟೆ ಸೀಳಿ ನೋಡಿದರೆ ಕೊನೆಯ ಊಟ ಮಾತ್ರ ಸಿಗುತ್ತದೆ. ತಿಂಗಳುಗಟ್ಟಲೆ ತಿಂದದ್ದು ಗೊತ್ತಾಗಬೇಕಾದರೆ ಮಾಂಸಖಂಡವನ್ನೇ ಕೇಳಬೇಕು.

ಕೇಳುವ ವಿಧಾನ ಹೀಗೆ. ಸಾರಜನಕದಲ್ಲಿ ಹಗುರವಾದದ್ದು, ಭಾರವಾದದ್ದು ಎಂದು ಎರಡು ಬಗೆ ಉಂಟು. ಎರಡೂ ಸ್ಥಿರ, ಕೊಳೆಯುವುದಿಲ್ಲ, ಕಿರಣ ಸೂಸುವುದಿಲ್ಲ. ದೇಹ ಹಗುರವಾದದ್ದನ್ನು ಹೆಚ್ಚಾಗಿ ಹೊರಗೆ ಹಾಕುತ್ತದೆ, ಭಾರದ್ದು ಹಿಂದೆ ಉಳಿಯುತ್ತದೆ. ಪಾಚಿ ತಿಂದವನಿಗಿಂತ ಪಾಚಿ ತಿಂದವನನ್ನು ತಿಂದವನು ಒಂದು ಮೆಟ್ಟಿಲು ಭಾರ. ಇಂಗಾಲದಲ್ಲೂ ಇಂಥ ಎರಡು ಬಗೆ ಇದ್ದು, ಊಟ ಕಡಲಿನದೋ ನೆಲದ್ದೋ ಎಂಬುದನ್ನು ಅದು ಹೇಳುತ್ತದೆ. ಒಣಗಿಸಿ ಪುಡಿ ಮಾಡಿದ ಮಾಂಸವನ್ನು ಅಕ್ಕಿಕಾಳಿನಷ್ಟು ತವರದ ಬಟ್ಟಲಿಗೆ ಹಾಕಿ, ಚಿಮುಟದಲ್ಲಿ ಅದುಮಿ ಗುಂಡು ಮಾಡಿ, ಯಂತ್ರದ ಒಲೆಗೆ ಬೀಳಿಸಿದರೆ ಪರದೆಯ ಮೇಲೆ ಚುಕ್ಕೆ ಮೂಡುತ್ತದೆ. ಸಾರಜನಕ ಭಾರವಾದಷ್ಟೂ ಚುಕ್ಕೆ ಮೇಲೆ; ಚುಕ್ಕೆಗಳು ಸಾಲಾದರೆ ಗೆರೆ.

ಆದರೆ ಈ ಲೆಕ್ಕದಲ್ಲಿ ಒಂದು ಅಪಾಯವಿತ್ತು. ಅಕ್ಕ ನನಗೆ ಕಲಿಸಿದ ಮೊದಲ ಪಾಠವೇ ಅದು. ಪ್ರೊಫೆಸರು ಶಿಬಿರದಲ್ಲಿ ಕೆಲವು ಮುಳ್ಳುಚೆಂಡುಗಳನ್ನು ತೊಟ್ಟಿಯಲ್ಲಿಟ್ಟು ಏನನ್ನೂ ತಿನ್ನಲು ಕೊಟ್ಟಿರಲಿಲ್ಲ. ಅವುಗಳ ಗೆರೆಯೂ ಮೇಲೇರಿತ್ತು.

“ಉಪವಾಸ ಇದ್ದದ್ದು ಮೇಲೆ ಹೋಗುದು ಹೇಗೆ ಅಕ್ಕಾ?” ಎಂದು ಕೇಳಿದ್ದೆ.

“ಹೊರಗಿಂದ ಎಂತದೂ ಸಿಗದಿದ್ರೆ ಅದು ತನ್ನನ್ನೇ ತಿಂತದೆ ಮಾರಾಯ. ತನ್ನ ಮಾಂಸ ತಿಂದ್ರೂ ಮಾಂಸ ತಿಂದ ಹಾಗೇ ಅಲ್ವಾ? ಯಂತ್ರಕ್ಕೆ ಎರಡೂ ಒಂದೇ.”

ನಗುತ್ತಲೇ ಹೇಳಿದ್ದರು. ನನಗೆ ಆ ಮಾತು ಹಿತವೆನಿಸಲಿಲ್ಲ. ಬೇಟೆಯಾಡಿದ ಪ್ರಾಣಿಯೂ ಕರಗುತ್ತಿರುವ ಪ್ರಾಣಿಯೂ ಒಂದೇ ಎತ್ತರದಲ್ಲಿ, ಒಂದೇ ಬಗೆಯ ಚುಕ್ಕೆಯಾಗಿ ಕೂತಿದ್ದವು.

ನಮ್ಮಲ್ಲೊಂದು ಪದ್ಧತಿಯಿತ್ತು. ಮುಳ್ಳುಚೆಂಡಿನ ಪುಡಿ ಮುಗಿದರೆ ಮತ್ತೆ ತರುವವರಿಲ್ಲ. ಆದ್ದರಿಂದ ಅದನ್ನು ಒಲೆಗೆ ಹಾಕುವ ಮೊದಲು ಯಂತ್ರ ಸರಿಯಿದೆಯೇ ಎಂದು ನೋಡಲು ನಮ್ಮ ಕೂದಲನ್ನೇ ಹಾಕುತ್ತಿದ್ದೆವು. ಹೊಸಬರು ಬಟ್ಟಲು ತುಂಬಲು ಕಲಿಯುವುದೂ ಕೂದಲಿನಲ್ಲೇ. ತಲೆಗೂದಲೂ ಊಟದಿಂದಲೇ ಬೆಳೆಯುವುದರಿಂದ ಯಾರು ಏನು ತಿನ್ನುತ್ತಾರೆಂದು ಅದು ಚಾಡಿ ಹೇಳಿಬಿಡುತ್ತದೆ. ಸಸ್ಯಾಹಾರಿ ಮನೆಯಿಂದ ಬಂದ ನನ್ನ ಕೂದಲು ಮೊದಲ ವಾರವೇ ಮೀನು ತಿನ್ನುವವರ ಸಾಲಿನಲ್ಲಿ ಹೋಗಿ ಕೂತಿತ್ತು.

“ಎಂತ, ಮನೆಯಲ್ಲಿ ಗೊತ್ತುಂಟಾ?” ಎಂದು ಅಕ್ಕ ಕಣ್ಣು ಮಿಟುಕಿಸಿದ್ದರು.

“ಠಾಣೆಯಲ್ಲಿ ಟ್ರೈನ್ ಬದಲಿಸುವಾಗ ಒಂದು ಖಾನಾವಳಿ ಉಂಟು ಅಕ್ಕಾ. ಬಂಗುಡೆ ಒಳ್ಳೆದಿರ್ತದೆ.”

“ತಿನ್ನು, ತಿನ್ನು. ಅಮ್ಮನಿಗೆ ನಾನು ಹೇಳುದಿಲ್ಲ. ಯಂತ್ರ ಹೇಳಿದ್ರೆ ನಂಗೊತ್ತಿಲ್ಲ.”

ಅಕ್ಕನದು ಇದಕ್ಕೆ ತಿರುಗುಮುರುಗು. ಮನೆಯಲ್ಲಿ ದಿನಾ ಮೀನು; ಇವರು ಮಾತ್ರ, ಕಡಲಿನ ಜೀವಿಗಳನ್ನು ಸೀಳಿ ಸೀಳಿ ಆ ವಾಸನೆ ಮೂಗಿಗೆ ಹತ್ತಿದ ಮೇಲೆ, ಕೆಲವು ವರ್ಷಗಳಿಂದ ಮೀನು ಮುಟ್ಟುತ್ತಿರಲಿಲ್ಲ. ಆ ಮಳೆಗಾಲದಲ್ಲಿ ಅನ್ನವೂ ಕಡಿಮೆಯಾಗಿತ್ತು. ಡಬ್ಬಿಯ ನೀರುದೋಸೆ ಅರ್ಧಕ್ಕರ್ಧ ನಮ್ಮ ಪಾಲಿಗೆ ಬರುತ್ತಿತ್ತು. ಶ್ರಾವಣದ ಸೋಮವಾರಗಳಂದು ಸೊಸೈಟಿಯ ಮರಾಠಿ ಹೆಂಗಸರ ಜೊತೆ ಉಪವಾಸ. ಉಳಿದ ದಿನ ಕೇಳಿದರೆ, “ನಮ್ಮ ಎಂಐಡಿಸಿಯ ಗಾಳಿ ಮೂಗಿಗೆ ಬಡಿದ್ರೆ ಯಾರಿಗೆ ಹಸಿವಾಗ್ತದೆ?” ಎನ್ನುತ್ತಿದ್ದರು. ನಾನೂ ಅದೇ ಗಾಳಿ ಕುಡಿಯುವವನು. ಎಂಐಡಿಸಿಯ ರಾಸಾಯನಿಕ ಕಾರ್ಖಾನೆಗಳ ಹೊಗೆ ಕೆಳಗಿಳಿದ ಬೆಳಿಗ್ಗೆ ಬಾಯಿಗೆ ತವರ ನೆಕ್ಕಿದ ರುಚಿ ಬರುತ್ತದೆ. ಡೊಂಬಿವಲಿಯಲ್ಲಿ ತಲೆನೋವಿಗೂ ಕೆಮ್ಮಿಗೂ ಕೊಡುವ ಕಾರಣ ಅದೊಂದೇ. ಹಸಿವಿಲ್ಲದ್ದಕ್ಕೂ ಅದು ಸಾಲುತ್ತಿತ್ತು.

ಲೋಕಲ್ ಟ್ರೈನಿನ ಲೇಡೀಸ್ ಡಬ್ಬದ ಹೆಂಗಸರು ಅಕ್ಕನನ್ನು ಹಿಡಿದು ನಿಲ್ಲಿಸಿ, “ಕೌನ್ಸಾ ಡಾಯೆಟ್ ಹೈ, ಹಮ್‌ಕೋ ಭೀ ಬತಾವೋ ನಾ” ಎಂದು ಕೇಳುತ್ತಾರಂತೆ. ಠಾಣೆಯ ಪಾದಚಾರಿ ಸೇತುವೆ ಇಳಿಯುತ್ತ ಅಕ್ಕ ಅದನ್ನು ನನಗೆ ಅಭಿನಯಿಸಿ ತೋರಿಸಿದ್ದರು. ಇಳಿಯುವಾಗ ಪಕ್ಕದ ಕಂಬಿ ಹಿಡಿದುಕೊಂಡಿದ್ದರು. ಅಭಿನಯಕ್ಕೆ ಎತ್ತಿದ ಇನ್ನೊಂದು ಕೈಯ ಬಳೆ ಮೊಣಕೈವರೆಗೆ ಜಾರಿತ್ತು. ಅದು ನನಗೆ ಕಂಡಿತ್ತು. ಅದರ ಬಗ್ಗೆ ಆಗ ಏನಾದರೂ ಅನ್ನಿಸಿತ್ತೋ ಎಂದು ಕೇಳಿಕೊಂಡರೆ, ಇಲ್ಲ ಎನ್ನುವುದೇ ನಿಜ.

ಆ ಸೋಮವಾರದ ಹಿಂದಿನ ವಾರ ಅವರು ನನಗೆ ಹೊಸದೊಂದು ಕೆಲಸ ಕೊಟ್ಟರು. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿಯವರೆಗೆ ಸೆಂಟಿಮೀಟರಿನಂತೆ ಕತ್ತರಿಸಿ ಒಂದೊಂದನ್ನೂ ಬೇರೆ ಬೇರೆಯಾಗಿ ಸುಟ್ಟರೆ ಒಂದೊಂದು ತಿಂಗಳ ಊಟ ಸಾಲಾಗಿ ಬರುತ್ತದೆ. ಅಭ್ಯಾಸಕ್ಕೆ ಉದ್ದ ಕೂದಲು ಬೇಕು. ಅಕ್ಕನ ಜಡೆ ಸೊಂಟದವರೆಗಿತ್ತು.

“ಕತ್ತರಿಸುದು ಯಾಕೆ, ಬಾಚಣಿಗೆ ಹಾಕಿದ್ರೆ ಮುಷ್ಟಿ ತುಂಬ ಬರ್ತದೆ ಈಗ” ಎಂದರು. ಉದುರಿದ್ದರಲ್ಲಿ ಬುಡ ತುದಿ ಒಂದೇ ಕಡೆ ಜೋಡಿಸಲು ಆಗುವುದಿಲ್ಲವೆಂದು ನಾನು ಒಪ್ಪಲಿಲ್ಲ. ಹಿಂಗುತ್ತಿಗೆಯ ಹತ್ತಿರ ಒಂದು ಎಳೆಗಟ್ಟನ್ನು ಬುಡಕ್ಕೆ ಕೆಂಪು ದಾರ ಕಟ್ಟಿ ಕತ್ತರಿಸಿಕೊಂಡೆ. ಎಳೆಗಳಲ್ಲಿ ಅರ್ಧವನ್ನು ತೊಳೆದು, ತುಂಡು ಮಾಡಿ, ಬಟ್ಟಲುಗಳಿಗೆ ತುಂಬಿದೆ. ಅರ್ಧವನ್ನು ಕಾಗದದಲ್ಲಿ ಸುತ್ತಿಟ್ಟೆ.

ಸೋಮವಾರ ಯಂತ್ರದ ತಟ್ಟೆಯಲ್ಲಿ ಮುಂದೆ ಆ ಕೂದಲು, ಹಿಂದೆ ಮುಳ್ಳುಚೆಂಡುಗಳು. ಚುಕ್ಕೆಗಳು ಹಳೆಯ ತಿಂಗಳಿಂದ ಹೊಸದರ ಕಡೆಗೆ ಮೂಡತೊಡಗಿದವು. ಮೊದಲು ಬಹಳ ದೂರದವರೆಗೆ ಸಮತಟ್ಟು. ಸಸ್ಯಾಹಾರಿಯ ಸಪಾಟು ಗೆರೆ. ಆಮೇಲೆ ಒಂದು ಚುಕ್ಕೆ ತುಸು ಎದ್ದಿತು. ಮುಂದಿನದು ಅದಕ್ಕಿಂತ ಮೇಲೆ. ಅಲ್ಲಿಂದ ಬುಡದವರೆಗೆ ಒಂದೂ ಕೆಳಗಿಳಿಯಲಿಲ್ಲ.

ಆಪರೇಟರ್ ಕುರ್ಚಿ ತಿರುಗಿಸಿದ. “ಅರೇ ದೀದೀ! ಶ್ರಾವಣ್ ಮೇಂ ಭೀ ಪಾಪ್ಲೇಟ್? ಛುಪ್ ಛುಪ್ ಕೇ?”

ಪ್ರೊಫೆಸರು ಕನ್ನಡಕ ಹಣೆಗೇರಿಸಿ ಪರದೆಗೆ ಬಾಗಿದರು. “ಏನವಾ, ಹೊರಗ ಉಪಾಸ, ಒಳಗ ಮೀನು? ನಮಗೂ ಒಂದ್ ತುಣುಕು ಕೊಡಬಾರದೇನು?”

“ನೀವು ರೊಟ್ಟಿ ತಿನ್ನುವವರು ಸರ್, ಮುಳ್ಳು ಚುಚ್ಚಿದ್ರೆ ಯಾರು ತೆಗೆಯುದು?” ಎಂದರು ಅಕ್ಕ. ನಾವೆಲ್ಲ ನಕ್ಕೆವು. ಅವರೂ ನಕ್ಕರು. ಆ ನಗು ಮುಗಿಯುವ ಮೊದಲೇ ಅವರ ಕಣ್ಣು ಪರದೆಯ ಮೇಲೆ ನಿಂತಿತು. ನಾನು ನೋಡಿದೆನೆಂದು ಪ್ರಮಾಣ ಮಾಡಿ ಹೇಳಬಲ್ಲದ್ದು ಇದನ್ನು: ಬಾಯಿ ಇನ್ನೂ ನಗುತ್ತಿತ್ತು, ಕಣ್ಣು ಓದುತ್ತಿತ್ತು.

“ಇಂಗಾಲ ತೋರಿಸು” ಎಂದರು.

ಆಪರೇಟರ್ ಒಂದು ಗುಂಡಿ ಒತ್ತಿದ. ಮೀನು ತಿಂದಿದ್ದರೆ ಇಂಗಾಲದ ಗೆರೆಯೂ ಕಡಲಿನ ಕಡೆಗೆ ಸರಿಯಲೇಬೇಕು. ಅದು ಸರಿದಿರಲಿಲ್ಲ. ತುದಿಯಿಂದ ಬುಡದವರೆಗೆ ನೆಲಕ್ಕೆ ಮಲಗಿತ್ತು.

“ತೊಟ್ಟಿಯವುಗಳದ್ದು ಪಕ್ಕದಲ್ಲಿ ಹಾಕು.”

ಅವನು ಅಕ್ಕನ ಮುಖ ನೋಡಿದ, ಪ್ರೊಫೆಸರ ಮುಖ ನೋಡಿದ, ಹಾಕಿದ. ಉಪವಾಸ ಕೆಡವಿದ್ದ ಮುಳ್ಳುಚೆಂಡುಗಳ ಎರಡು ಗೆರೆಗಳು ಎಡಗಡೆ, ಅಕ್ಕನ ಕೂದಲಿನ ಎರಡು ಗೆರೆಗಳು ಬಲಗಡೆ. ಅಲ್ಲಿಯೂ ಒಂದು ಏರಿತ್ತು, ಒಂದು ಮಲಗಿತ್ತು. ಹೀಲಿಯಂ ಹರಿಯುವ ಸಣ್ಣ ಸದ್ದು ನನ್ನ ಕಿವಿಯ ಪಕ್ಕದಲ್ಲೇ ಇತ್ತು.

“ಸೋಮವಾರದ ಉಪವಾಸಕ್ಕೆ ಹೀಗೆ ಏರುದಿಲ್ಲ” ಎಂದು ಅಕ್ಕ ಬೇರೆ ಯಾರದೋ ವಿಷಯ ಹೇಳುವಂತೆ ಹೇಳಿದರು. “ಉಳಿದರ್ಧ ಉಂಟಲ್ಲ, ಅದನ್ನೂ ಹಾಕು.”

ನಾನು ಕಾಗದ ಬಿಚ್ಚಿದೆ. ತುಂಬುವಾಗ ಎರಡು ಬಟ್ಟಲು ಚೆಲ್ಲಿದೆ. ಕೊನೆಗೆ ಅವರೇ ಚಿಮುಟ ತೆಗೆದುಕೊಂಡು ತಮ್ಮ ಕೂದಲನ್ನು ತಾವೇ ಅದುಮಿ ಕೊಟ್ಟರು. ಸಂಜೆಯ ಹೊತ್ತಿಗೆ ಅದೇ ಗೆರೆ ಮತ್ತೊಮ್ಮೆ ಬಂತು.

ಪ್ರೊಫೆಸರು ಆಗ ಹೇಳಿದರು: “ನಾಳೆ ಆಸ್ಪತ್ರೆಗೆ ಹೋಗು.”

“ಮುಳ್ಳುಚೆಂಡು ಮುಗಿಸಿ ಹೋಗ್ತೇನೆ ಸರ್. ಈ ವಾರ ಬಿಟ್ರೆ ಯಂತ್ರ ಬೇರೆಯವರಿಗೆ. ಮತ್ತೆ ಯಾವಾಗ ಸಿಗ್ತದೋ.”

“ನಾಳೆ ಹೋಗಂದೆ.”

“ಡಾಕ್ಟ್ರು ಆಸಿಡಿಟಿ ಅಂತ ಮಾತ್ರೆ ಕೊಟ್ಟಿದ್ದಾರೆ ಸರ್. ಒಂದು ವಾರದಲ್ಲಿ ಎಂತ ಆಗ್ತದೆ?”

ಪ್ರೊಫೆಸರು ಮಾತಿಗೆ ನಿಲ್ಲಲಿಲ್ಲ. ಯಂತ್ರದ ತಲೆಯ ಮೇಲಿದ್ದ ತಟ್ಟೆಯನ್ನು ಕೈಯಾರೆ ಎತ್ತಿ, ಅದರೊಳಗಿದ್ದ ಮುಳ್ಳುಚೆಂಡಿನ ಗುಂಡುಗಳನ್ನೆಲ್ಲ ಒಣಪಾತ್ರೆಗೆ ವಾಪಸ್ ಇಟ್ಟು ಮುಚ್ಚಳ ಹಾಕಿದರು.

“ಇವು ಸತ್ತಾವ” ಎಂದರು. “ಇವಕ್ಕೇನೂ ಅವಸರ ಇಲ್ಲ. ನಿನಗೈತಿ.”

ಅಕ್ಕ ಕೂತಲ್ಲೇ ಇದ್ದರು. ಅಳಲಿಲ್ಲ. ಜಡೆಯನ್ನು ಮುಂದಕ್ಕೆ ತಂದು, ಬುಡದಿಂದ ಸ್ವಲ್ಪ ಕೆಳಗೆ ಎರಡು ಬೆರಳಲ್ಲಿ ಹಿಡಿದು, “ಇಲ್ಲಿಂದ” ಎಂದರು. “ಫೆಬ್ರವರಿಯಿಂದ.”

ಹಿಂತಿರುಗುವಾಗ ಅವರು ಲೇಡೀಸ್ ಡಬ್ಬ, ನಾನು ಪಕ್ಕದ ಡಬ್ಬ, ನಡುವೆ ಜಾಲರಿ. ಠಾಣೆಯಿಂದ ಡೊಂಬಿವಲಿಯವರೆಗೆ ಜಾಲರಿಯಾಚೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಸುತ್ತ ನೂಕುನುಗ್ಗಲಿನಲ್ಲಿ ಎಷ್ಟೋ ಜಡೆಗಳು. ಮುಂಬ್ರಾ ದಾಟುವಾಗ ನನ್ನ ಕಣ್ಣು ಒಂದು ಜಡೆಯಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಪ್ರತಿಯೊಬ್ಬರ ಬೆನ್ನ ಮೇಲೂ ಅವರ ಅವರ ತಿಂಗಳುಗಳು ನೇತಾಡುತ್ತಿದ್ದವು. ಯಾವುದರಲ್ಲಿ ಗೆರೆ ಏರತೊಡಗಿದೆಯೋ ಯಾರಿಗೂ ತಿಳಿಯದು.

ಠಾಣೆಯ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಕರುಳಿನಲ್ಲಿ ಗಂಟು ಎಂದರು. ಎಂಥ ಗಂಟೆಂದು ತೆರೆಯದೆ ಹೇಳಲಾಗದು ಎಂದರು. ನಾವು ಹೆದರುತ್ತಿದ್ದ ಒಂದು ಪದವನ್ನು ಡಾಕ್ಟರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಆಪರೇಷನ್ನಿನ ದಿನ ಅವರಪ್ಪ ಹೊಟೇಲಿನ ಅಂಗಿಯಲ್ಲೇ ಬಂದು ಕಾರಿಡಾರಿನಲ್ಲಿ ಕೂತಿದ್ದರು. ಅವರ ಬೋಳುತಲೆ ನೋಡಿ ನನಗೆ ಒಂಥರ ಸಮಾಧಾನವಾಯಿತು. ಅದರಲ್ಲಿ ಓದಲು ಏನೂ ಇರಲಿಲ್ಲ.

ಕಡಲಿನ ತಳದಿಂದ ನೇರವಾಗಿ ತಂದಿದ್ದ ಆ ಮುಳ್ಳುಚೆಂಡುಗಳನ್ನು ಒಲೆಗೆ ಹಾಕಿದ್ದು ಮರುವರ್ಷ. ಅವುಗಳ ಸಾರಜನಕವೂ ಎತ್ತರದಲ್ಲೇ ಬಂತು. ಆದರೆ ಆ ಕಡಲಿನಲ್ಲಿ ಎಲ್ಲ ಊಟವೂ ಕಡಲಿನದೇ, ಹಾಗಾಗಿ ಇಂಗಾಲ ನಮ್ಮ ನೆರವಿಗೆ ಬರಲಿಲ್ಲ. ಅವು ಮಂಜಿನ ಕೆಳಗೆ ಸೀಲ್‌ಗಳ ಹೆಣ ತಿಂದಿದ್ದವೋ, ಕತ್ತಲಲ್ಲಿ ತಮ್ಮನ್ನೇ ತಿಂದಿದ್ದವೋ ನಾವು ತೀರ್ಮಾನಿಸಲಾರದೆ ಎರಡನ್ನೂ ಬರೆದೆವು. ಕೂದಲು ಹಾಕುವ ಪದ್ಧತಿಯನ್ನು ಯಾರೂ ನಿಲ್ಲಿಸೆಂದು ಹೇಳಲಿಲ್ಲ. ಅದು ತಾನಾಗಿ ನಿಂತಿತು.

ಆ ಸೋಮವಾರ ಪರದೆಯನ್ನು ಕಣ್ಣಾರೆ ಕಂಡವರು ನಾಲ್ವರು. ಪ್ರೊಫೆಸರು ಈಗಿಲ್ಲ, ನಿವೃತ್ತರಾಗಿ ಊರು ಸೇರಿದ ಮೇಲೆ ನಿದ್ದೆಯಲ್ಲೇ ಹೋದರು. ಆಪರೇಟರ್ ಇದ್ದಾನೆ, ಕಲ್ಯಾಣದಲ್ಲಿ. ಕೇಳಿದರೆ “ಹಾಂ, ದೇಖಾ ಥಾ” ಎನ್ನುತ್ತಾನೆ, ಮುಂದೆ ಮಾತು ಬೆಳೆಸುವುದಿಲ್ಲ. ನಾನಿದ್ದೇನೆ. ಮತ್ತೆ ಅಕ್ಕ ಇದ್ದಾರೆ. ಗಂಟು ಕ್ಷಯದ್ದಾಗಿತ್ತು, ಔಷಧಿಗೆ ಬಗ್ಗಿತು. ಡೊಂಬಿವಲಿಯ ಅದೇ ಸೊಸೈಟಿಯಲ್ಲಿ ಇದ್ದಾರೆ; ನಿಧಾನವಾಗಿ ಉಂಡು, ಬಡಿಸಿದ್ದನ್ನೆಲ್ಲ ಮುಗಿಸಿ ಏಳುತ್ತಾರೆ. ಜಡೆ ಮತ್ತೆ ಸೊಂಟಕ್ಕೆ ಬರಲು ಬಿಟ್ಟಿಲ್ಲ. ಹೆಗಲಿಗೆ ಮುಟ್ಟುವ ಮೊದಲೇ ಕತ್ತರಿಸಿಕೊಳ್ಳುತ್ತಾರೆ.